ಸೈನ್ಯ ಸೇರಿದ ದಾದಿ: ಕ್ಲಾರಾ ಮಾಸ್

ಪಿಯುಸಿಯಲ್ಲಿ ವಿಜ್ಞಾನ ಓದಿ ನರ್ಸಿಂಗ್ ಕಲಿತ ವಿದ್ಯಾರ್ಥಿನಿಯೊಬ್ಬಳು ‘ಸೈನ್ಯದ ಆಸ್ಪತ್ರೆಗೆ ಸೇರಲೇ?’ ಎಂದು ಕೇಳಿದರೆ ನೀವು ಏನು ಹೇಳುವಿರಿ? ‘ದೇಶಸೇವೆ, ಧೈರ್ಯವಾಗಿ ಹೋಗು’ ಎನ್ನುವುದು ಒಂದು ಉತ್ತರ. ‘ಅಪಾಯ, ಬೇಡ’ ಎನ್ನುವುದು ಇನ್ನೊಂದು. ಎರಡೂ ಅವಸರದ ಉತ್ತರಗಳೇ. ಅಲ್ಲಿರುವ ಅಪಾಯ ಯಾವುದು? ಅದರ ಬಗ್ಗೆ ಖಚಿತವಾಗಿ ಗೊತ್ತಿರುವುದು ಎಷ್ಟು? ಅದನ್ನು ಹೊರುವವರಿಗೆ ಬರಹದಲ್ಲಿ ಏನು ಕೊಡಲಾಗಿದೆ? ಈ ಮೂರು ಪ್ರಶ್ನೆಗಳನ್ನು ಮೊದಲು ಕೇಳಬೇಕು. ಅವು ಎಷ್ಟು ಮುಖ್ಯ ಎಂಬುದನ್ನು ಅಮೆರಿಕದ ದಾದಿ ಕ್ಲಾರಾ ಮಾಸ್ ಅವರ ಚಿಕ್ಕ ಬದುಕು ತೋರಿಸಿಕೊಡುತ್ತದೆ.

ನ್ಯೂವಾರ್ಕ್‌ನಿಂದ ಶಿಬಿರಕ್ಕೆ

ಕ್ಲಾರಾ ಹುಟ್ಟಿದ್ದು 1876ರ ಜೂನ್ 28ರಂದು, ನ್ಯೂಜೆರ್ಸಿ ರಾಜ್ಯದಲ್ಲಿ. ಜರ್ಮನಿಯಿಂದ ವಲಸೆ ಬಂದ ಬಡ ಕುಟುಂಬ. ಮಕ್ಕಳಲ್ಲಿ ಈಕೆಯೇ ಹಿರಿಯಳು. ನ್ಯೂವಾರ್ಕ್ ನಗರದ ಜರ್ಮನ್ ಆಸ್ಪತ್ರೆಯ ದಾದಿಯರ ಶಾಲೆಯಲ್ಲಿ ಕಲಿತು 1895ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ತೇರ್ಗಡೆಯಾದರು. 1898ರ ವೇಳೆಗೆ ಅದೇ ಆಸ್ಪತ್ರೆಯಲ್ಲಿ ಮುಖ್ಯ ದಾದಿ. ಕೈಯಲ್ಲಿ ಭದ್ರವಾದ ಕೆಲಸ, ಮುಂದೆ ಬಡ್ತಿಯ ದಾರಿ. ಆಗಲೇ ಆಕೆ ಸೈನ್ಯದ ಸೇವೆಗೆ ಹೆಸರು ಕೊಟ್ಟರು.

ಆ ವರ್ಷ ಏಪ್ರಿಲ್‌ನಲ್ಲಿ ಸ್ಪೇನ್ ಮತ್ತು ಅಮೆರಿಕದ ನಡುವೆ ಯುದ್ಧ ಆರಂಭವಾಗಿತ್ತು. ಆಗ ಅಮೆರಿಕದ ಸೈನ್ಯದಲ್ಲಿ ದಾದಿಯರ ಪಡೆ ಇರಲಿಲ್ಲ. ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು ಹೆಚ್ಚಿನ ತರಬೇತಿಯಿಲ್ಲದ ಸೈನಿಕರು. ಅವರು ಸಾಲದೆ ಹೋದಾಗ ಮಹಿಳೆಯರನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳಲು ಅನುಮತಿ ದೊರೆಯಿತು. ಅರ್ಹರನ್ನು ಆಯ್ಕೆ ಮಾಡುವ ಹೊಣೆ ಹೊತ್ತವರು ವೈದ್ಯೆ ಅನಿತಾ ನ್ಯೂಕೋಂಬ್ ಮೆಕ್‌ಗೀ. ಒಟ್ಟು 1,500ಕ್ಕೂ ಹೆಚ್ಚು ಮಹಿಳೆಯರು ಹೀಗೆ ಸೇರಿದರು. ತಿಂಗಳಿಗೆ 30 ಡಾಲರ್ ಸಂಬಳ, ಜೊತೆಗೆ ಊಟ. ದರ್ಜೆಯಿಲ್ಲ; ಕರಾರು ಮುಗಿದರೆ ಸೈನ್ಯದ ನಂಟೂ ಮುಗಿಯಿತು.

ಗುಂಡಿಗಿಂತ ಜ್ವರವೇ ಘಾತಕ

ಕ್ಲಾರಾ ಕೆಲಸಕ್ಕೆ ಹಾಜರಾದದ್ದು 1898ರ ಅಕ್ಟೋಬರ್ 1ರಂದು. ಆಗಸ್ಟ್‌ನಲ್ಲೇ ಕದನ ನಿಂತುಹೋಗಿತ್ತು. ಹಾಗಿದ್ದರೆ ದಾದಿಯರೇಕೆ ಬೇಕಾದರು? ಆ ಯುದ್ಧದಲ್ಲಿ ಕಾದಾಡಿ ಸತ್ತ ಅಮೆರಿಕದ ಸೈನಿಕರು 400ಕ್ಕಿಂತ ಕಡಿಮೆ. ರೋಗದಿಂದ ಸತ್ತವರು ಅದರ ಹಲವು ಪಟ್ಟು. ಸ್ವದೇಶದಲ್ಲೇ ಇದ್ದ ತರಬೇತಿ ಶಿಬಿರಗಳಲ್ಲಿ 20,000ಕ್ಕೂ ಹೆಚ್ಚು ಮಂದಿಗೆ ವಿಷಮಶೀತಜ್ವರ, ಅಂದರೆ ಟೈಫಾಯಿಡ್ ತಗಲಿತು. 1,500ಕ್ಕೂ ಹೆಚ್ಚು ಮಂದಿ ಸತ್ತರು. ಕಾರಣ ತಿಳಿಯಲು ನೇಮಿಸಿದ ಮಂಡಲಿಯಲ್ಲಿ ವಾಲ್ಟರ್ ರೀಡ್ ಎಂಬ ಸೈನ್ಯದ ವೈದ್ಯರಿದ್ದರು. ರೋಗ ಹರಡಿದ್ದು ಕುಡಿಯುವ ನೀರಿಗಿಂತ ಹೆಚ್ಚಾಗಿ ತೆರೆದ ಶೌಚದ ಗುಂಡಿ, ನೊಣ ಮತ್ತು ಕೊಳಕು ಕೈಗಳಿಂದ ಎಂದು ಮಂಡಲಿ ತೋರಿಸಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಟೈಫಾಯಿಡ್‌ಗೆ ಆಗ ಪ್ರತಿಜೈವಿಕ ಔಷಧಗಳೇ ಇರಲಿಲ್ಲ. ಜ್ವರ ಇಳಿಸಲು ತಣ್ಣೀರಿನ ಸ್ನಾನ, ಹೊತ್ತುಹೊತ್ತಿಗೆ ದ್ರವಾಹಾರ, ಶುಚಿಯಾದ ಹಾಸಿಗೆ, ಮಲಮೂತ್ರಗಳಿಗೆ ಕ್ರಿಮಿನಾಶಕ – ಇವೇ ಚಿಕಿತ್ಸೆ. ಎಲ್ಲವೂ ದಾದಿಯ ಕೆಲಸಗಳೇ. ತರಬೇತಿ ಪಡೆದ ದಾದಿ ಇದ್ದಾಳೋ ಇಲ್ಲವೋ ಎಂಬುದು ರೋಗಿಯ ಸಾವು ಬದುಕಿನ ಪ್ರಶ್ನೆಯಾಗಿತ್ತು. ಆದ್ದರಿಂದ ಕ್ಲಾರಾ ಅವರ ಮೊದಲ ನಿರ್ಧಾರ ಬರಿಯ ಉತ್ಸಾಹದ್ದಲ್ಲ. ಅಲ್ಲಿನ ಅಪಾಯ ಗೊತ್ತಿದ್ದದ್ದು, ಮಾಡಬೇಕಾದ ಕೆಲಸ ಕಲಿತದ್ದು.

ಜಾಕ್ಸನ್‌ವಿಲ್, ಸವಾನಾ ಮತ್ತು ಕ್ಯೂಬಾದ ಸಾಂಟಿಯಾಗೊಗಳಲ್ಲಿ ದುಡಿದ ಆಕೆಯ ಕರಾರು 1899ರ ಫೆಬ್ರವರಿಯಲ್ಲಿ ಮುಗಿಯಿತು. ಅದೇ ವರ್ಷದ ಕೊನೆಯಲ್ಲಿ ಮತ್ತೆ ಸೇರಿ ಫಿಲಿಪೀನ್ಸ್‌ಗೆ ಹೋದರು. ಮನಿಲಾದಲ್ಲಿ ಡೆಂಗೆ ತಗಲಿ 1900ರಲ್ಲಿ ಮನೆಗೆ ಮರಳಬೇಕಾಯಿತು. ಅದೇ ಅಕ್ಟೋಬರ್‌ನಲ್ಲಿ ಇನ್ನೊಂದು ಕರೆ ಬಂದಿತು. ಹವಾನಾ ನಗರ ಆಗ ಅಮೆರಿಕದ ಸೈನ್ಯದ ಆಡಳಿತದಲ್ಲಿತ್ತು. ಅಲ್ಲಿನ ನೈರ್ಮಲ್ಯಾಧಿಕಾರಿ, ಸೈನ್ಯದ ವೈದ್ಯ ವಿಲಿಯಂ ಗೋರ್ಗಾಸ್ ಅವರಿಗೆ ಹಳದಿ ಜ್ವರದ ರೋಗಿಗಳನ್ನು ನೋಡಿಕೊಳ್ಳಲು ಅನುಭವಿ ದಾದಿಯರು ಬೇಕಾಗಿದ್ದರು. ಕ್ಲಾರಾ ಹೊರಟರು.

ಸೊಳ್ಳೆಯ ಪ್ರಶ್ನೆ

ಹಳದಿ ಜ್ವರವನ್ನು ಹರಡುವುದು ಸೊಳ್ಳೆ ಎಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲೇ ಹೇಳಿದ್ದರು. ಆದರೆ ಅವರ ಪ್ರಯೋಗಗಳು ಪಂಡಿತರನ್ನು ಒಪ್ಪಿಸಲಿಲ್ಲ. 1900ರಲ್ಲಿ ವಾಲ್ಟರ್ ರೀಡ್ ನೇತೃತ್ವದ ಆಯೋಗ ಇದನ್ನು ಮತ್ತೆ ಪರೀಕ್ಷಿಸಿತು. ಸೊಳ್ಳೆ ಕಚ್ಚಿಸಿಕೊಂಡ ಆಯೋಗದ ಸದಸ್ಯ ಜೇಮ್ಸ್ ಕ್ಯಾರಲ್ ಸಾವಿನಂಚಿಗೆ ಹೋಗಿ ಬದುಕಿದರು. ಇನ್ನೊಬ್ಬ ಸದಸ್ಯ ಜೆಸ್ಸಿ ಲಜಿಯರ್ ಸೆಪ್ಟೆಂಬರ್ 25ರಂದು ಅದೇ ಜ್ವರದಿಂದ ಸತ್ತರು. ಫಿನ್ಲೆ ಎಡವಿದ್ದೆಲ್ಲಿ ಎಂಬುದೂ ತಿಳಿಯಿತು. ಜ್ವರದ ಮೊದಲ ಮೂರು ದಿನಗಳಲ್ಲಿ ರೋಗಿಯನ್ನು ಕಚ್ಚಿದ ಸೊಳ್ಳೆ, ಸುಮಾರು ಹನ್ನೆರಡು ದಿನ ಕಳೆದ ಮೇಲಷ್ಟೇ ರೋಗವನ್ನು ಇನ್ನೊಬ್ಬರಿಗೆ ದಾಟಿಸಬಲ್ಲದು.

ರೀಡ್ ತಮ್ಮ ಪ್ರಯೋಗಕ್ಕೆ ಬಂದವರಿಂದ ಲಿಖಿತ ಒಪ್ಪಿಗೆ ಪಡೆದರು. ವೈದ್ಯಕೀಯ ಇತಿಹಾಸದಲ್ಲಿ ಇದು ದೊಡ್ಡ ಹೆಜ್ಜೆ. ಪ್ರಯೋಗಕ್ಕೆ ಒಳಗಾದರೆ 100 ಡಾಲರ್. ಕಾಯಿಲೆ ಬಿದ್ದರೆ ಇನ್ನೂ 100. ಈ ದ್ವೀಪದಲ್ಲಿ ಇದ್ದರೆ ಹೇಗೂ ಜ್ವರ ತಗಲುತ್ತದೆ, ವೈದ್ಯರ ಆರೈಕೆಯಲ್ಲಿ ತಗಲುವುದೇ ಮೇಲು ಎಂಬ ವಾದವೂ ಆ ಪತ್ರದಲ್ಲಿತ್ತು.

ಎರಡನೆಯ ಕಡಿತ

1901ರಲ್ಲಿ ಹವಾನಾದ ವೈದ್ಯ ಜಾನ್ ಗೀಟೆರಾಸ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಒಮ್ಮೆ ಹಳದಿ ಜ್ವರ ಬಂದು ಗುಣವಾದವರಿಗೆ ಅದು ಮತ್ತೆ ಬರುವುದಿಲ್ಲ. ಹಾಗಾದರೆ ಸೊಳ್ಳೆಯಿಂದ ಕಚ್ಚಿಸಿ ಹಗುರ ಜ್ವರ ಬರಿಸಿದರೆ ಶಾಶ್ವತ ರಕ್ಷಣೆ ಸಿಗಬಹುದಲ್ಲವೆ? ಇದು ಅವರ ಆಲೋಚನೆ. ಈ ಪ್ರಯೋಗಕ್ಕೆ ಕ್ಲಾರಾ ಮುಂದೆ ಬಂದರು. ದೊರೆಯುವ ಹಣ 100 ಡಾಲರ್. ಊರಿನಲ್ಲಿದ್ದ ತಾಯಿಗೆ ಹಣ ಕಳುಹಿಸುತ್ತಿದ್ದ ಹಿರಿಯ ಮಗಳಿಗೆ ಅದು ಸಣ್ಣ ಮೊತ್ತವಲ್ಲ.

ಜೂನ್‌ನಲ್ಲಿ ಸೊಳ್ಳೆ ಕಚ್ಚಿದ ಮೇಲೆ ಆಕೆಗೆ ಹಗುರವಾದ ಜ್ವರ ಬಂದು ವಾಸಿಯಾಯಿತು. ರಕ್ಷಣೆ ದೊರೆತಿದೆಯೇ ಎಂದು ನೋಡಲು ಆಗಸ್ಟ್ 14ರಂದು ಎರಡನೆಯ ಬಾರಿ ಕಚ್ಚಿಸಲಾಯಿತು. 18ರಂದು ಜ್ವರ ಏರಿತು. 24ರಂದು ಕ್ಲಾರಾ ಮಾಸ್ ತೀರಿಕೊಂಡರು. ವಯಸ್ಸು ಇಪ್ಪತ್ತೈದು. ಅದೇ ಪ್ರಯೋಗಮಾಲೆಯಲ್ಲಿ ಇನ್ನಿಬ್ಬರೂ ಸತ್ತರು. ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ಹಳದಿ ಜ್ವರಕ್ಕಾಗಿ ಮನುಷ್ಯರ ಮೇಲೆ ನಡೆಯುತ್ತಿದ್ದ ಈ ಪ್ರಯೋಗಗಳು ಅಲ್ಲಿಗೆ ನಿಂತವು.

ಲೆಕ್ಕ ತಪ್ಪಿದ್ದೆಲ್ಲಿ?

ಇಂದಿನ ತಿಳಿವಳಿಕೆಯಿಂದ ನೋಡಿದರೆ ಉತ್ತರ ಕಷ್ಟವಲ್ಲ. ನಿಜವಾದ ಹಳದಿ ಜ್ವರ ಹಗುರವಾಗಿ ಬಂದು ಹೋದರೂ ರಕ್ಷಣೆ ಉಳಿಯುತ್ತದೆ. ಆಗಸ್ಟ್‌ನಲ್ಲಿ ರೋಗ ಬಂದಿತೆಂದರೆ ಜೂನ್‌ನಲ್ಲಿ ಬಂದದ್ದು ಬಹುಪಾಲು ಬೇರೆ ಯಾವುದೋ ಜ್ವರ. ಅದನ್ನು ಗುರುತಿಸುವ ರಕ್ತಪರೀಕ್ಷೆ ಆಗ ಇರಲಿಲ್ಲ. ರೋಗಕಾರಕ ವೈರಸ್ ಪ್ರತ್ಯೇಕವಾಗಿ ಸಿಕ್ಕಿದ್ದು 1927ರಲ್ಲಿ. ಸೊಳ್ಳೆಯೊಂದು ಎಷ್ಟು ವೈರಸ್ ಒಳಸೇರಿಸುತ್ತದೆ ಎಂದು ಅಳೆಯುವ ದಾರಿಯೂ ಇರಲಿಲ್ಲ. ಲಸಿಕೆಗೆ ವೈರಸ್ಸನ್ನೇ ದುರ್ಬಲಗೊಳಿಸಬೇಕು. ಮ್ಯಾಕ್ಸ್ ಥೈಲರ್ ಅದನ್ನು ಸಾಧಿಸಿ 17ಡಿ ಲಸಿಕೆ ತಯಾರಿಸಿದ್ದು 1937ರಲ್ಲಿ. ಅದಕ್ಕೆ 1951ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಸೊಳ್ಳೆಯ ಕಡಿತ ಲಸಿಕೆಯ ಸ್ಥಾನ ತುಂಬಲಾರದು.

ಇನ್ನೊಂದು ಸಂಗತಿ ಮನಸ್ಸನ್ನು ಹೆಚ್ಚು ಕಲಕುತ್ತದೆ. 1901ರ ಫೆಬ್ರವರಿಯಿಂದಲೇ ಗೋರ್ಗಾಸ್ ಹವಾನಾದಲ್ಲಿ ಸೊಳ್ಳೆಯ ವಿರುದ್ಧ ಹೋರಾಟ ಆರಂಭಿಸಿದ್ದರು. ನಿಂತ ನೀರಿಗೆ ಸೀಮೆಎಣ್ಣೆ, ರೋಗಿಯ ಕೋಣೆಗೆ ಜಾಲರಿ, ಮನೆಗಳಿಗೆ ಹೊಗೆ. 1900ರಲ್ಲಿ ನಗರದಲ್ಲಿ ಹಳದಿ ಜ್ವರಕ್ಕೆ 310 ಮಂದಿ ಬಲಿಯಾಗಿದ್ದರು. 1901ರಲ್ಲಿ ಆ ಸಂಖ್ಯೆ 18ಕ್ಕೆ ಇಳಿಯಿತು. 1902ರಲ್ಲಿ ಒಬ್ಬರೂ ಸಾಯಲಿಲ್ಲ. ಅಂದರೆ ಯಾರ ಪ್ರಾಣವನ್ನೂ ಒತ್ತೆಯಿಡದ ಮಾರ್ಗ ಆಗಲೇ ಫಲ ಕೊಡುತ್ತಿತ್ತು. ಕ್ಲಾರಾ ಅವರ ಧೈರ್ಯ ದೊಡ್ಡದು, ಸಂದೇಹವಿಲ್ಲ. ಆದರೆ ಧೈರ್ಯ ತಿಳಿವಳಿಕೆಯ ಕೊರತೆಯನ್ನು ತುಂಬಿಕೊಡುವುದಿಲ್ಲ.

ಬರಹದಲ್ಲಿ ಏನಿದೆ?

ಅಮೆರಿಕದಲ್ಲಿ ಸೈನ್ಯದ ದಾದಿಯರ ಖಾಯಂ ಪಡೆ ರಚನೆಯಾದದ್ದು 1901ರ ಫೆಬ್ರವರಿ 2ರಂದು. ಅದರ ಕರಡು ಬರೆದವರು ಮೆಕ್‌ಗೀ. ಆದರೂ ಪೂರ್ಣ ಅಧಿಕಾರಿ ದರ್ಜೆ ಖಾಯಂ ಆಗಿ ಸಿಕ್ಕಿದ್ದು 1947ರಲ್ಲಿ. ಗೌರವದ ಮಾತುಗಳು ಮೊದಲು ಬಂದವು, ಹಕ್ಕುಗಳು ಬಹಳ ತಡವಾಗಿ ಬಂದವು.

ನಮ್ಮ ದೇಶದ ಕಥೆಯೂ ಹೆಚ್ಚು ಬೇರೆಯಲ್ಲ. 1888ರಲ್ಲಿ ಹತ್ತು ಮಂದಿ ಬ್ರಿಟಿಷ್ ದಾದಿಯರು ಸೈನಿಕ ಆಸ್ಪತ್ರೆಗಳಿಗಾಗಿ ಮುಂಬಯಿಗೆ ಬಂದಿಳಿದರು. 1926ರಲ್ಲಿ ಭಾರತೀಯ ಮಿಲಿಟರಿ ನರ್ಸಿಂಗ್ ಸೇವೆ ಖಾಯಂ ರೂಪ ಪಡೆಯಿತು. 1943ರ ಸುಗ್ರೀವಾಜ್ಞೆ ದಾದಿಯರಿಗೆ ಅಧಿಕಾರಿ ದರ್ಜೆ ಕೊಟ್ಟಿತು. 1976ರಲ್ಲಿ ಈ ಸೇವೆಯ ಗರ್ಟ್ರೂಡ್ ಆಲಿಸ್ ರಾಮ್ ಮೇಜರ್ ಜನರಲ್ ಆದರು. ನಮ್ಮ ಸೇನೆಯಲ್ಲಿ ಆ ದರ್ಜೆಗೇರಿದ ಮೊದಲ ಮಹಿಳೆ. ಆದರೆ ಮದುವೆಯಾದರೆ ಸೇವೆಯಿಂದ ಬಿಡುಗಡೆ ಮಾಡಲು ಅವಕಾಶವಿದ್ದ 1977ರ ಆದೇಶವೊಂದು 1995ರವರೆಗೂ ಜಾರಿಯಲ್ಲಿತ್ತು. 1988ರಲ್ಲಿ ಹೀಗೆ ಕೆಲಸ ಕಳೆದುಕೊಂಡ ಅಧಿಕಾರಿಯೊಬ್ಬರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 2024ರಲ್ಲಿ.

ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲೂ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಕಾಲೇಜಿದೆ. ಪಿಯುಸಿಯಲ್ಲಿ ಭೌತ, ರಸಾಯನ, ಜೀವವಿಜ್ಞಾನ ಓದಿದವರಿಗೆ ಅದು ಒಂದು ದಾರಿ. ಸೇರುವಾಗ ಬಾಂಡ್ ಬರೆದುಕೊಡಬೇಕು. ಓದು ಮುಗಿದ ಮೇಲೆ ಲೆಫ್ಟಿನೆಂಟ್ ದರ್ಜೆಯಿಂದ ಸೇವೆ ಆರಂಭ. ಶಿಕ್ಷಕರೇ, ಈ ದಾರಿ ಹಿಡಿಯಬಯಸುವವರನ್ನು ಹುರಿದುಂಬಿಸಿ. ಜೊತೆಗೆ ಬಾಂಡಿನ ಪ್ರತಿಯೊಂದು ಸಾಲನ್ನೂ ಓದಿಸಿ. ವರ್ಷಗಳೆಷ್ಟು, ಮಧ್ಯದಲ್ಲಿ ಬಿಟ್ಟರೆ ಏನು, ಎಲ್ಲಿಗೆ ವರ್ಗ ಮಾಡಬಹುದು, ಮುಂದಿನ ಓದಿಗೆ ಅವಕಾಶವಿದೆಯೇ ಎಂದು ಕೇಳಲು ಕಲಿಸಿ.

ಕ್ಲಾರಾ ಕಲಿತ ಆಸ್ಪತ್ರೆಗೆ 1952ರಲ್ಲಿ ಆಕೆಯ ಹೆಸರನ್ನೇ ಇಡಲಾಯಿತು. ಕ್ಯೂಬಾ ಮತ್ತು ಅಮೆರಿಕ ಎರಡೂ ಆಕೆಯ ಅಂಚೆಚೀಟಿ ತಂದಿವೆ. ಆಕೆಗೆ ಡೆಂಗೆ ತಂದ ಮನಿಲಾದ ಸೊಳ್ಳೆಯೂ ಪ್ರಾಣ ತೆಗೆದ ಹವಾನಾದ ಸೊಳ್ಳೆಯೂ ಒಂದೇ ಜಾತಿಯವು – ಈಡಿಸ್ ಈಜಿಪ್ಟೈ. ನಮ್ಮೂರಿನ ನೀರಿನ ತೊಟ್ಟಿಗಳಲ್ಲಿ ಬೆಳೆದು ಡೆಂಗೆ ಹರಡುವುದೂ ಅದೇ. ಮುಂದಿನ ಮಳೆಗಾಲದಲ್ಲಿ ತರಗತಿಯಲ್ಲಿ ಡೆಂಗೆಯ ಪಾಠ ಬಂದಾಗ ಈ ದಾದಿಯ ಹೆಸರನ್ನೂ ಒಮ್ಮೆ ಹೇಳಿ.