ಹಾರ ಒಂದೇ, ಕೊರಳು ಐದು

ಸುಮಾರು 1200ನೇ ಇಸವಿ. ಜಪಾನಿನ ಕ್ಯೋಟೊ ಹತ್ತಿರ 83 ವರ್ಷದ ಒಬ್ಬ ಸನ್ಯಾಸಿನಿ ಹೂ ಕೊಯ್ಯುತ್ತಾ ಅಲೆದಾಡಿ, ಕತ್ತಲಾಗೋ ಹೊತ್ತಿಗೆ ಒಂದು ಹಳೇ ಮನೆ ಸೇರ್ತಾಳೆ. ಅಲ್ಲಿ ಕೆಲವು ಹೆಂಗಸರು ಕೂತು ಮಾತಾಡ್ತಿರ್ತಾರೆ. ಅಜ್ಜಿ ಮಲಗಿದಲ್ಲಿಂದಲೇ ಕಿವಿಗೊಡ್ತಾಳೆ. ರಾತ್ರಿಯಿಡೀ ನಡೆಯೋ ಆ ಮಾತು ಯಾವುದರ ಬಗ್ಗೆ ಗೊತ್ತಾ? ‘ಗೆಂಜಿ ಮೊನೊಗತಾರಿ’ ಅನ್ನೋ ಕಥೆಯ ಹೆಣ್ಣುಗಳಲ್ಲಿ ಯಾರು ಮೆಚ್ಚತಕ್ಕವಳು, ಯಾರನ್ನು ನೋಡಿದರೆ ಅಯ್ಯೋ ಅನ್ನಿಸುತ್ತೆ ಅನ್ನೋದರ ಬಗ್ಗೆ! ‘ಮುಮ್ಯೋಜೋಶಿ’ ಅನ್ನೋ ಪುಸ್ತಕ ಶುರುವಾಗೋದು ಹೀಗೆ. ಕಥೆಯ ಪಾತ್ರಗಳಿಗಾಗಿ ಜಗಳ ಆಡೋದು ಇಂಟರ್ನೆಟ್ ಬಂದ ಮೇಲೆ ಹುಟ್ಟಿದ ಚಟ ಅಂತ ಯಾರಾದರೂ ಅಂದರೆ ಈ ಅಜ್ಜಿಯ ಕಥೆ ಹೇಳಿ.

ಗೆಂಜಿಯನ್ನು ಬರೆದವಳು ಮುರಸಾಕಿ ಶಿಕಿಬು, ಅರಮನೆಯಲ್ಲಿ ರಾಣಿಯ ಸೇವೆಗಿದ್ದ ಹೆಂಗಸು. 11ನೇ ಶತಮಾನದ ಶುರು, ಒಟ್ಟು 54 ಅಧ್ಯಾಯ. ಒಬ್ಬ ಸುಂದರ ರಾಜಕುಮಾರ, ಅವನ ಬದುಕಿನಲ್ಲಿ ಬಂದು ಹೋಗೋ ಹಲವು ಹೆಣ್ಣುಗಳು. ಎರಡನೇ ಅಧ್ಯಾಯದಲ್ಲೇ ಒಂದು ಮಳೆ ರಾತ್ರಿ ಗೆಂಜಿ ಮತ್ತವನ ಗೆಳೆಯರು ಕೂತು ಹೆಂಗಸರಲ್ಲಿ ಎಷ್ಟು ಬಗೆ ಅಂತ ಲೆಕ್ಕ ಹಾಕ್ತಾರೆ. ಮುಂದೆ 1021ರ ಹೊತ್ತಿಗೆ, ದೂರದ ಸೀಮೆಯಿಂದ ರಾಜಧಾನಿಗೆ ಬಂದ ಹದಿಮೂರು-ಹದಿನಾಲ್ಕರ ಹುಡುಗಿಯೊಬ್ಬಳಿಗೆ ಪೂರ್ತಿ ಗೆಂಜಿ ಕೈಗೆ ಸಿಕ್ಕಿತು. ಹಗಲು-ರಾತ್ರಿ ಓದಿ, ದೊಡ್ಡವಳಾದ ಮೇಲೆ ತಾನೂ ಅದರ ಯೂಗಾವೊ ಥರ, ಉಕಿಫುನೆ ಥರ ಆಗ್ತೀನಿ ಅಂತ ಕನಸು ಕಂಡಳು. ಮುಂದೆ ‘ಸರಶಿನಾ ನಿಕ್ಕಿ’ ಅನ್ನೋ ತನ್ನ ನೆನಪುಗಳಲ್ಲಿ ಅದನ್ನೆಲ್ಲ ಬರೆದಿಟ್ಟಳು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಅವಳು ಅಪ್ಪಟ ಫ್ಯಾನ್.

ಈ ಮನೆತನದ ಈಗಿನ ಕುಡಿ ಅಂದರೆ ‘ಹರೆಮ್’ ಮಾಂಗಾ. ಮಾಂಗಾ ಅಂದರೆ ಜಪಾನಿನ ಕಾಮಿಕ್ಸ್. ಹರೆಮ್ ಅರಬ್ಬಿಯಿಂದ ಬಂದ ಪದ. ನಾವು ಜನಾನಾ, ಅಂತಃಪುರ ಅಂತೀವಲ್ಲ, ಅದು. ಹೆಸರು ಕೇಳಿ ಸುಲ್ತಾನನನ್ನು ಕಲ್ಪಿಸಿಕೊಂಡರೆ ಮೋಸ ಹೋಗ್ತೀರಿ. ಇಲ್ಲಿನ ನಾಯಕನಿಗೆ ರಾಜ್ಯ ಇಲ್ಲ, ದುಡ್ಡಿಲ್ಲ, ಎಷ್ಟೋ ಸಲ ಪರೀಕ್ಷೆಯಲ್ಲಿ ಪಾಸಾಗೋ ಯೋಗವೂ ಇಲ್ಲ. ಅವನ ಸುತ್ತ ನಾಲ್ಕೈದು ಹುಡುಗಿಯರು. ಎಲ್ಲರಿಗೂ ಅವನೇ ಬೇಕು, ಅವನಿಗೆ ಮಾತ್ರ ತೀರ್ಮಾನ ಮಾಡೋಕೆ ಬರಲ್ಲ. ಆ ‘ಬರಲ್ಲ’ ಅನ್ನೋದೇ ಕಥೆಯ ಎಂಜಿನ್ನು. ಅವನು ಒಂದು ಮಾತು ಹೇಳಿಬಿಟ್ಟರೆ ಕಥೆ ಅಲ್ಲಿಗೆ ಮುಗೀತು.

ಇದರ ಒಂದು ಬೇರು ರುಮಿಕೊ ತಕಹಾಶಿಯವರ ‘ಉರುಸೆಯ್ ಯಾತ್ಸುರಾ’ದಲ್ಲಿದೆ. 1978ರಿಂದ 1987ರವರೆಗೆ ಬಂದ 34 ಸಂಪುಟಗಳ ಕಥೆ. ಅತಾರು ಅನ್ನೋ ಪೋಲಿ ಹುಡುಗ ಸಿಕ್ಕಸಿಕ್ಕವರ ಹಿಂದೆ ಓಡ್ತಾನೆ. ಆಕಾಶದಿಂದ ಇಳಿದು ಬಂದ ಲಮ್ ಅವನ ಹಿಂದೆ ಓಡ್ತಾಳೆ. ಮಜಾ ಏನಂದರೆ ಲಮ್ ಬರೀ ಮೊದಲ ಕಂತಿಗೆ ಬಂದು ಹೋಗಬೇಕಾಗಿದ್ದ ಪಾತ್ರ. ಎರಡನೇ ಕಂತಿನಲ್ಲಿ ಅವಳಿಲ್ಲವೇ ಇಲ್ಲ. ನಾಯಕಿ ಆಗಬೇಕಿದ್ದವಳು ಅತಾರುವಿನ ಗೆಳತಿ ಶಿನೊಬು. ವಾಪಸ್ ಬಂದ ಲಮ್ ಕಥೆಯನ್ನೇ ತನ್ನದು ಮಾಡಿಕೊಂಡಳು, ಶಿನೊಬು ಪಕ್ಕಕ್ಕೆ ಸರಿದಳು. ‘ಮೊದಲು ಬಂದವಳಿಗೆ ಮೋಸ ಆಯ್ತು’ ಅನ್ನೋ ದೂರಿಗೆ ಹೀಗೆ ಅಲ್ಲೇ ಜಾಗ ಆಯ್ತು.

ಆಮೇಲೆ 1992ರಲ್ಲಿ ವಿಡಿಯೋ ಕ್ಯಾಸೆಟ್ಟಿಗೆ ಅಂತಲೇ ಮಾಡಿದ ‘ತೆಂಚಿ ಮುಯೊ’ ಅನಿಮೆ ಈ ಅಚ್ಚನ್ನು ಗಟ್ಟಿ ಮಾಡಿತು. ಆದರೆ ಜಗಳದ ನಿಜವಾದ ಮೂಲ ಇನ್ನೆರಡು ವರ್ಷಕ್ಕೆ ಬಂತು, ಅದೂ ವಿಡಿಯೋ ಗೇಮಿನ ರೂಪದಲ್ಲಿ. 1994ರಲ್ಲಿ ಕೊನಾಮಿ ಕಂಪನಿ ‘ತೊಕಿಮೆಕಿ ಮೆಮೋರಿಯಲ್’ ಬಿಡುಗಡೆ ಮಾಡಿತು. ಹೈಸ್ಕೂಲಿನ ಮೂರು ವರ್ಷ ನಿಮ್ಮ ಕೈಲಿ. ಓದಬಹುದು, ಆಟ ಆಡಬಹುದು, ಹುಡುಗಿಯರ ಜೊತೆ ಸುತ್ತಾಡಬಹುದು. ಎಲ್ಲ ಸರಿಯಾಗಿ ಮಾಡಿದರೆ ಕೊನೆಯ ದಿನ ಶಾಲೆಯ ದೊಡ್ಡ ಮರದ ಕೆಳಗೆ ಒಬ್ಬಳು ಬಂದು ಪ್ರೀತಿ ಹೇಳ್ತಾಳೆ. ಯಾರನ್ನಾದರೂ ಪೂರ್ತಿ ಕಡೆಗಣಿಸಿದರೆ ಬಾಂಬಿನ ಚಿತ್ರ ಬರುತ್ತೆ. ಅದು ಸಿಡಿದರೆ ಉಳಿದ ಹುಡುಗಿಯರ ಕಣ್ಣಲ್ಲೂ ನಿಮ್ಮ ಮಾನ ಹೋಗುತ್ತೆ. ಪಕ್ಕದ ಮನೆಯ ಬಾಲ್ಯದ ಗೆಳತಿ ಶಿಯೊರಿಯನ್ನು ಒಲಿಸೋದು ಎಲ್ಲಕ್ಕಿಂತ ಕಷ್ಟ.

ನಮ್ಮ ಕೆಲಸದ ಭಾಷೆಯಲ್ಲಿ ಹೇಳ್ತೀನಿ ಕೇಳಿ. ಗೇಮ್‌ನಲ್ಲಿ ಪ್ರತಿ ಹುಡುಗಿಗೂ ಒಂದೊಂದು ಬ್ರಾಂಚ್ ಇದೆ. ನಿಮಗೆ ಇಷ್ಟವಾದ ಕೊನೆ ನಿಮಗೆ, ಪಕ್ಕದವನಿಗೆ ಇಷ್ಟವಾದದ್ದು ಅವನಿಗೆ. ಜಗಳಕ್ಕೆ ಕಾರಣವೇ ಇಲ್ಲ. ಅದೇ ಹುಡುಗಿಯರ ಬಗೆಗಳನ್ನು, ಅದೇ ಆಸೆಯನ್ನು ವಾರಪತ್ರಿಕೆಯ ಕಥೆಗೆ ಸುರಿದರೆ? ಅಚ್ಚಾಗೋ ಪುಟದಲ್ಲಿ ಬ್ರಾಂಚ್ ಇಲ್ಲ, ಇರೋದು ಒಂದೇ ಮೇನ್. ಐದು ಕೊರಳು ಮುಂದೆ ನಿಂತಿವೆ, ಹಾರ ಒಂದೇ. ಎಷ್ಟೋ ಕೊನೆಗಳಿರೋ ಕಥೆಯನ್ನು ಒಂದೇ ಕೊನೆಯ ಪಾತ್ರೆಗೆ ಹೊಯ್ದಾಗ ಚೆಲ್ಲಿದ್ದೇ ಈ ವಾದ.

ವಾರಪತ್ರಿಕೆ ಅಂದರೆ ಸಣ್ಣದು ಅಂದುಕೋಬೇಡಿ. ‘ಶೋನೆನ್ ಜಂಪ್’ 1994ರ ಕೊನೆಯಲ್ಲಿ ತನ್ನ ಪ್ರಸಾರದ ತುದಿ ಮುಟ್ಟಿದಾಗ ಒಂದು ಸಂಚಿಕೆಗೆ ಸುಮಾರು 65 ಲಕ್ಷ ಪ್ರತಿ ಅಚ್ಚಾಗಿತ್ತು. ಒಳಗೆ ಒಂದು ಅಂಚೆ ಕಾರ್ಡು ಇರುತ್ತಿತ್ತು: ಈ ವಾರ ನಿಮಗೆ ಹಿಡಿಸಿದ ಮೂರು ಕಥೆ ಯಾವುದು? ಆ ಕಾರ್ಡುಗಳ ಲೆಕ್ಕ ನೋಡಿಯೇ ಯಾವ ಕಥೆ ಉಳೀಬೇಕು, ಯಾವುದು ನಿಲ್ಲಬೇಕು ಅನ್ನೋದನ್ನ ಸಂಪಾದಕರು ತೂಗ್ತಿದ್ದರು. ಆಗಾಗ ಪಾತ್ರಗಳಿಗೂ ಚುನಾವಣೆ. ವಾರಕ್ಕೆ ಇಪ್ಪತ್ತು ಪುಟದಷ್ಟು ಕಥೆ, ಉಳಿದ ಆರು ದಿನ ಚರ್ಚೆ. ಮುಮ್ಯೋಜೋಶಿಯ ಹೆಂಗಸರು ಮಾತಾಡಿದ್ದು ಎಷ್ಟೋ ಕಾಲದ ಹಿಂದೆ ಬರೆದು ಮುಗಿದ ಕಥೆಯ ಬಗ್ಗೆ. ಈ ಹುಡುಗರು ಮಾತಾಡ್ತಿದ್ದದ್ದು ಇನ್ನೂ ಬೇಯ್ತಿರೋ ಅಡುಗೆಯ ಬಗ್ಗೆ, ಅದೂ ಉಪ್ಪಿನ ಡಬ್ಬಿಗೆ ಕೈ ಹಾಕೋ ಅವಕಾಶ ಇಟ್ಟುಕೊಂಡು.

‘ಶೋನೆನ್ ಮ್ಯಾಗಝಿನ್’ನಲ್ಲಿ 1998ರಿಂದ 2001ರವರೆಗೆ ಬಂದ ಕೆನ್ ಅಕಮಾತ್ಸು ಅವರ ‘ಲವ್ ಹಿನಾ’ ಈ ಮಾದರಿಯನ್ನು ಮನೆಮಾತು ಮಾಡಿತು. ಟೋಕಿಯೊ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗೋ ಕೇಯ್ತಾರೊ ಒಂದು ಹುಡುಗಿಯರ ಹಾಸ್ಟೆಲಿನ ಮ್ಯಾನೇಜರ್ ಆಗ್ತಾನೆ. ಚಿಕ್ಕಂದಿನಲ್ಲಿ ಒಬ್ಬಳಿಗೆ ಮಾತು ಕೊಟ್ಟಿದ್ದಾನೆ, ಯಾರಿಗೆ ಅನ್ನೋದು ಮರೆತುಹೋಗಿದೆ. ಅಂದಹಾಗೆ ಇದೇ ಅಕಮಾತ್ಸು 2022ರಲ್ಲಿ ಜಪಾನಿನ ಸಂಸತ್ತಿನ ಮೇಲ್ಮನೆಗೆ ಐದು ಲಕ್ಷಕ್ಕೂ ಹೆಚ್ಚು ಮತ ಪಡೆದು ಗೆದ್ದರು. ಪಾತ್ರಗಳ ಚುನಾವಣೆ ನೋಡಿ ಪಳಗಿದವರಿಗೆ ಇದೇನು ಮಹಾ!

ಈ ಚುನಾವಣೆಗಳಲ್ಲಿ ಜನ ಯಾವ ಮಟ್ಟಕ್ಕೆ ಹೋಗ್ತಿದ್ದರು ಅನ್ನೋಕೆ ನವೋಶಿ ಕೋಮಿಯವರ ‘ನಿಸೆಕೊಯ್’ ನೋಡಬೇಕು. 2011ರಿಂದ 2016, 25 ಸಂಪುಟ. ಮರಿಕಾ ಅನ್ನೋ ಪಾತ್ರಕ್ಕೆ ಚಿಬಾ ಪ್ರಾಂತ್ಯದ ಒಬ್ಬನೇ ಓದುಗ ಸುಮಾರು ಒಂದೂವರೆ ಸಾವಿರ ಕಾರ್ಡು ಹಾಕಿದ್ದು ಇವತ್ತಿಗೂ ಫ್ಯಾನ್‌ಗಳ ಬಾಯಲ್ಲಿ ದಂತಕಥೆ. ನಗು ಬರುತ್ತೆ, ನಿಜ. ಆದರೆ ಗೆಲ್ಲಲ್ಲ ಅಂತ ಗೊತ್ತಿರೋ ಹುಡುಗಿಗೆ ಕೂತು ಒಂದೊಂದೇ ಕಾರ್ಡು ತುಂಬಿಸೋದು ಬರೀ ತಮಾಷೆಯಲ್ಲ.

ಹಾಗಾದರೆ ಇವರೆಲ್ಲ ಜಗಳ ಆಡೋದು ಯಾವುದಕ್ಕೆ? ಯಾರು ಚೆಂದ ಅನ್ನೋದಕ್ಕಲ್ಲ. ಪ್ರೀತಿ ಯಾರಿಗೆ ಸಲ್ಲಬೇಕು ಅನ್ನೋದಕ್ಕೆ.

ನಿಸೆಕೊಯ್‌ನ ಒನೊದೆರಾಳನ್ನೇ ತಗೊಳ್ಳಿ. ಚಿಕ್ಕಂದಿನಲ್ಲಿ ರಾಕು ಮಾತು ಕೊಟ್ಟಿದ್ದು ಅವಳಿಗೇ. ವರ್ಷಗಟ್ಟಲೆ ಮನಸ್ಸಿನಲ್ಲೇ ಇಟ್ಟುಕೊಂಡಳು, ಬಾಯಿ ಬಿಡಲಿಲ್ಲ. ಕೊನೆಗೆ ರಾಕು ಕೈ ಹಿಡಿದಿದ್ದು ಜಗಳಗಂಟಿ ಚಿತೊಗೆಯನ್ನ. ಕಾದವಳಿಗೆ ಅನ್ಯಾಯ ಅಂತ ಒಂದು ಪಕ್ಷ. ಹೇಳದೇ ಇದ್ದದ್ದು ಅವಳದೇ ತಪ್ಪು ಅಂತ ಇನ್ನೊಂದು. ಬಾಲ್ಯದ ಗೆಳತಿಗೆ ಜಪಾನಿಯಲ್ಲಿ ‘ಒಸನನಾಜಿಮಿ’ ಅಂತ ಹೆಸರು. ಅವಳು ಯಾವಾಗಲೂ ಸೋಲ್ತಾಳೆ ಅನ್ನೋದು ಗಾದೆಯೇ ಆಗಿಹೋಗಿದೆ. ಅತ್ತೆ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆ ಅಂತ ಮಾತಾಡೋ ಹಳ್ಳಿಯಲ್ಲಿ ಬೆಳೆದ ನನಗೆ ಈ ವಾದ ಬೇಗ ಅರ್ಥ ಆಯ್ತು. ಮೊದಲು ಬಂದದ್ದು, ಹೆಚ್ಚು ಕಾದದ್ದು ಹಕ್ಕಾಗುತ್ತಾ?

ಮಿಝುಕಿ ಕವಾಶಿತಾ ಅವರ ‘ಇಚಿಗೊ 100%’ (2002-2005) ಇದನ್ನೇ ಇನ್ನೊಂದು ಬದಿಯಿಂದ ಕೇಳಿತು. ತೋಜೊ ಕಾದಂಬರಿ ಬರೀತಾಳೆ, ಸಿನಿಮಾ ಮಾಡಬೇಕೆನ್ನೋ ನಾಯಕನ ಕನಸಿಗೆ ಜೊತೆಯಾಗ್ತಾಳೆ. ಮೊದಲ ಕಂತಿನಲ್ಲಿ ತಾರಸಿಯ ಮೇಲೆ ಅವನು ಕಂಡು ಮರುಳಾಗಿದ್ದೂ ಅವಳನ್ನೇ. ಆದರೂ ಗೆದ್ದವಳು ನಿಶಿನೊ. ಕನಸು ಒಂದೇ ಆದರೆ ಬದುಕೂ ಒಂದೇ ಆಗಬೇಕಾ? ಕಥೆ ಮುಗಿದು ಇಪ್ಪತ್ತು ವರ್ಷ ಆದರೂ ಈ ಕೇಸು ಇತ್ಯರ್ಥ ಆಗಿಲ್ಲ.

ಇದಕ್ಕೊಂದು ಆಕ್ಷೇಪ ಇದೆ, ಗಟ್ಟಿಯಾದದ್ದೇ. ಈ ಹುಡುಗಿಯರು ಮನುಷ್ಯರಲ್ಲ, ಅಚ್ಚುಗಳು. ಮೇಲೆ ಸಿಡುಕು ಒಳಗೆ ಪ್ರೀತಿ ಇದ್ದರೆ ‘ತ್ಸುಂದೆರೆ’, ಭಾವನೆ ತೋರಿಸದವಳು ‘ಕೂದೆರೆ’, ಪ್ರೀತಿಯ ಹುಚ್ಚಿನಲ್ಲಿ ಹಿಂಸೆಗಿಳಿಯುವವಳು ‘ಯಾಂದೆರೆ’. ಚಿಂತಕ ಹಿರೊಕಿ ಅಜುಮಾ 2001ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನು ಡೇಟಾಬೇಸ್ ಅಂತಲೇ ಕರೆದರು: ಓದುಗರು ಕಥೆಗಿಂತ ಹೆಚ್ಚಾಗಿ ಕೂದಲ ಬಣ್ಣ, ಕನ್ನಡಕ, ಬೆಕ್ಕಿನ ಕಿವಿ ಇಂಥ ಬಿಡಿಭಾಗಗಳನ್ನು ಆರಿಸಿಕೊಳ್ತಾರೆ ಅಂತ. ಎರಡು ದಶಕದ ಮಾಂಗಾ ಓದಿದರೆ ಅಲ್ಲಗಳೆಯೋದು ಕಷ್ಟ.

ಆದರೆ ನೆಗಿ ಹರುಬಾ ಅವರ ‘ಗೊತೋಬುನ್ ನೊ ಹನಯೊಮೆ’ (2017-2020) ಈ ಆಕ್ಷೇಪವನ್ನೇ ಕಥೆ ಮಾಡಿಕೊಂಡಿತು. ಐದು ಜನ ಅವಳಿ ಅಕ್ಕತಂಗಿಯರು, ಮುಖ ಅಚ್ಚು ಹಾಕಿದ ಹಾಗೆ. ಇಚಿಕಾ, ನಿನೊ, ಮಿಕು, ಯೊತ್ಸುಬಾ, ಇತ್ಸುಕಿ: ಹೆಸರುಗಳಲ್ಲೇ ಒಂದರಿಂದ ಐದರವರೆಗೆ ಅಂಕಿ ಅಡಗಿದೆ. ಮೊದಲ ಕಂತಿನಲ್ಲೇ ಮುಂದೊಂದು ದಿನದ ಮದುವೆಯ ದೃಶ್ಯ ತೋರಿಸಿ, ಹೆಣ್ಣು ಯಾರು ಅನ್ನೋದನ್ನ ಮುಚ್ಚಿಟ್ಟರು. ಓದುಗರು ಪೊಲೀಸರಾದರು. ಕೂದಲು, ಕಿವಿಯೋಲೆ, ಒಂದು ಮಾತು, ಎಲ್ಲಕ್ಕೂ ಪಂಚನಾಮೆ. ಕೊನೆಗೆ ಗೆದ್ದಿದ್ದು ಯೊತ್ಸುಬಾ, ಅಕ್ಕತಂಗಿಯರಿಗಾಗಿ ತನ್ನ ಆಸೆಯನ್ನು ಹಿಂದಿಟ್ಟವಳು. ಅವನಿಗಾಗಿ ಹಟ ಹಿಡಿದು ಬ್ರೆಡ್ ಮಾಡೋದು ಕಲಿತ ಮಿಕುವಿನ ಕಡೆಯವರಿಗೆ ಆ ವಾರ ಊಟ ಸೇರಲಿಲ್ಲ. ಅಷ್ಟು ದುಡಿದವಳಿಗೆ ಏನು ಸಿಕ್ಕಿತು ಅನ್ನೋದು ಅವರ ಪ್ರಶ್ನೆ. ಅಪ್ರೈಸಲ್ ಮುಗಿಸಿ ಹೊರಗೆ ಬಂದ ಯಾರಿಗೂ ಈ ಪ್ರಶ್ನೆ ಹೊಸದಲ್ಲ. ಆದರೆ ಪ್ರೀತಿ ಸಂಬಳ ಅಲ್ಲವಲ್ಲ. ದುಡಿಮೆಯ ಲೆಕ್ಕ ತೋರಿಸಿ ಕೇಳೋಕೆ ಬರಲ್ಲ. ಆ ಮದುವೆಯ ದಿನ ಐವರೂ ಒಂದೇ ಥರ ಮದುಮಗಳ ವೇಷ ಹಾಕಿ ನಿಲ್ತಾರೆ. ಯಾರು ಯಾರು ಅಂತ ಅವನು ಒಬ್ಬೊಬ್ಬರನ್ನೂ ಗುರುತಿಸಿ ಹೇಳ್ತಾನೆ. ಅಚ್ಚಿನ ಹಿಂದೆ ಒಬ್ಬ ಮನುಷ್ಯಳನ್ನು ಗುರುತಿಸೋದೇ ಪ್ರೀತಿ ಅನ್ನೋ ಉತ್ತರ ಅದು. ಒಬ್ಬ ಪಾತ್ರಕ್ಕಾಗಿ ವರ್ಷಗಟ್ಟಲೆ ವಾದಿಸೋ ಓದುಗನೂ ಅದನ್ನೇ ಮಾಡ್ತಿರ್ತಾನೆ ಅಂತ ನನಗನ್ನಿಸುತ್ತೆ.

ಹಾರ ಒಂದೇ ಅನ್ನೋ ಸಮಸ್ಯೆಗೆ ಲೇಖಕರು ಪರಿಹಾರ ಹುಡುಕದೇ ಇಲ್ಲ. ತಾಯ್ಶಿ ತ್ಸುತ್ಸುಯ್ ಅವರ ‘ಬೊಕುಬೆನ್’ 2020ರಲ್ಲಿ ಉರುಕಾ ಜೊತೆ ಮುಗೀತು ಅನ್ನೋ ಹೊತ್ತಿಗೆ, ಉಳಿದ ನಾಲ್ವರಿಗೂ ಒಂದೊಂದು ಬೇರೆ ಕೊನೆ ಬರೆದರು. ಅಂದರೆ ಬ್ರಾಂಚ್‌ಗಳು ಪತ್ರಿಕೆಯ ಪುಟಕ್ಕೇ ಬಂದವು. ಎಲ್ಲರಿಗೂ ಸಮಾಧಾನ ಆಗಬೇಕಿತ್ತು. ಆದರೆ ಎಲ್ಲರೂ ಗೆದ್ದರೆ ಗೆಲುವಿಗೆ ತೂಕ ಎಲ್ಲಿ ಅಂತ ಹೊಸ ವಾದ ಶುರು. 2019ರ ಕೊನೆಯಲ್ಲಿ ಶುರುವಾದ ಇನ್ನೊಂದು ಕಥೆಯಲ್ಲಂತೂ ದೇವರ ತಪ್ಪಿನಿಂದ ನಾಯಕನಿಗೆ ನೂರು ಜನ ಸಂಗಾತಿಗಳು. ಅವನು ಯಾರನ್ನೂ ಬಿಡಲ್ಲ, ಎಲ್ಲರನ್ನೂ ಪ್ರೀತಿಸ್ತಾನೆ.

ಇಷ್ಟೆಲ್ಲದರ ನಡುವೆ ಒಂದು ಪ್ರಶ್ನೆ ಮಾತ್ರ ಸೊರಗಿಹೋಗಿದೆ. ಅವನು ಯಾರನ್ನು ಆರಿಸ್ತಾನೆ ಅಂತ ಎಲ್ಲರೂ ಕೇಳ್ತಾರೆ. ಅವಳು ಅವನನ್ನು ಯಾಕೆ ಆರಿಸಬೇಕು ಅಂತ ಕೇಳೋರು ಕಡಿಮೆ. ಮುಮ್ಯೋಜೋಶಿಯ ಹೆಂಗಸರು ಗೆಂಜಿಯ ನಡತೆಯನ್ನೂ ತೂಕಕ್ಕೆ ಹಾಕಿದ್ದರು. ಎಂಟುನೂರು ವರ್ಷದಲ್ಲಿ ನಾವು ಮುಂದೆ ಬಂದಿದ್ದೀವಾ ಅನ್ನೋದನ್ನ ಈ ಒಂದು ವಿಷಯದಲ್ಲಾದರೂ ಯೋಚನೆ ಮಾಡಬೇಕು.

ಸೋತವರ ಕಥೆ ಏನಾಯ್ತು? ಅದೂ ಬಂತು. ಸೋಲೋ ನಾಯಕಿಗೆ ‘ಮಾಕೆ ಹಿರೋಯಿನ್’ ಅಂತ ಫ್ಯಾನ್‌ಗಳು ಬಳಸ್ತಿದ್ದ ಹೆಸರನ್ನೇ ಇಟ್ಟುಕೊಂಡು 2021ರಲ್ಲಿ ತಕಿಬಿ ಅಮಮೊರಿ ಕಾದಂಬರಿ ಸರಣಿ ಶುರು ಮಾಡಿದರು. 2024ರಲ್ಲಿ ಅನಿಮೆಯೂ ಆಯ್ತು. ಬೇರೆ ಕಥೆಗಳು ಮುಗಿಯೋ ಜಾಗದಲ್ಲಿ ಇದು ಶುರುವಾಗುತ್ತೆ: ಬಾಲ್ಯದ ಗೆಳೆಯ ಇನ್ನೊಬ್ಬಳ ಹಿಂದೆ ಹೋದ ಮೇಲೆ ಅನ್ನಾ ಯಾನಾಮಿ ಹೋಟೆಲಿನಲ್ಲಿ ಒಬ್ಬಳೇ ಉಳೀತಾಳೆ. ಅಳು ಇದೆ, ಸಿಟ್ಟಿದೆ, ಜೊತೆಗೆ ವಿಪರೀತ ಹಸಿವೂ ಇದೆ. ಅವಳು ಹೊಟ್ಟೆ ತುಂಬ ತಿಂತಾಳೆ, ಬಿಲ್ಲು ಕೊಡೋಕೆ ದುಡ್ಡು ಸಾಲದೆ ಕ್ಲಾಸಿನ ಹುಡುಗನೊಬ್ಬನ ಹತ್ತಿರ ಸಾಲ ಮಾಡ್ತಾಳೆ, ಮತ್ತೆ ಶಾಲೆಗೆ ಹೋಗ್ತಾಳೆ.