ಲೋಹಫಲಕದ ಮೇಲೆ ಛಾಯಾಚಿತ್ರ: ಗೋವಾದ ಚರಿತ್ರೆ

ಲೋಹಫಲಕ ಛಾಯಾಚಿತ್ರ: ದೊಡ್ಡ ಅಳತೆಯ ಛಾಯಾಚಿತ್ರವನ್ನು ಕಾಗದದ ಬದಲು ಅಲ್ಯೂಮಿನಿಯಂ ಮೊದಲಾದ ಲೋಹದ ಹಾಳೆಯ ಮೇಲೆ ಮೂಡಿಸಿ, ಗಾಜು ಹಾಕಿ ಕಟ್ಟು ಕಟ್ಟಿಸದೆ ಗೋಡೆಗೆ ತೂಗುಹಾಕುವ ಇಲ್ಲವೆ ಬಯಲಲ್ಲಿ ನಿಲ್ಲಿಸುವ ಪದ್ಧತಿ. ವ್ಯಾಪಾರದವರ ಬಾಯಲ್ಲಿ ಇದು ಮೆಟಲ್ ಪ್ರಿಂಟ್. ಗೋವಾದಲ್ಲಿ ಈ ಪದ್ಧತಿಗೆ ದೀರ್ಘ ಇತಿಹಾಸವಿಲ್ಲ. ಆದರೆ ಕಡಲತೀರದ ತೇವದಲ್ಲಿ ಚಿತ್ರವನ್ನು ಉಳಿಸಿಕೊಳ್ಳುವುದು ಹೇಗೆಂಬ ತೊಡಕು ಅಲ್ಲಿ ಹಳೆಯದು. ಲೋಹಫಲಕ ಅದಕ್ಕೆ ಸಿಕ್ಕ ಉತ್ತರಗಳಲ್ಲಿ ಒಂದು, ಅದೂ ಅರ್ಧ ಉತ್ತರ.

ಹೆಸರಿನ ಗೊಂದಲ

ಮೆಟಲ್ ಪ್ರಿಂಟ್ ಎಂಬ ಒಂದೇ ಹೆಸರಿನಡಿ ಕನಿಷ್ಠ ನಾಲ್ಕು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ, ಪ್ರದರ್ಶನವಾಗುತ್ತವೆ. ಕಾಗದ ಅಥವಾ ವಿನೈಲ್ ಮೇಲೆ ಮುದ್ರಿಸಿ ಅದನ್ನು ಅಲ್ಯೂಮಿನಿಯಂ ಫಲಕಕ್ಕೆ ಅಂಟಿಸಿದರೂ ಅದೇ ಹೆಸರು; ಇಲ್ಲಿ ಲೋಹ ಬರೀ ಬೆನ್ನೆಲುಬು, ಚಿತ್ರಕ್ಕೂ ಅದಕ್ಕೂ ನಂಟಿಲ್ಲ. ಫಲಕದ ಮೇಲೆ ನೇರವಾಗಿ ಶಾಯಿ ಸಿಂಪಡಿಸಿ ನೇರಳಾತೀತ ದೀಪದಡಿ ಆಗಿಂದಾಗಲೇ ಗಟ್ಟಿಮಾಡುವುದು ಎರಡನೆಯದು. ಬೋರ್ಡು ಮಾಡುವವರು ಯುವಿ ಪ್ರಿಂಟ್ ಎನ್ನುವುದು ಇದನ್ನೇ. ಮೂರನೆಯದು ಡೈ ಸಬ್ಲಿಮೇಷನ್: ಚಿತ್ರವನ್ನು ಮೊದಲು ಒಂದು ವರ್ಗಾವಣೆ ಕಾಗದದ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಅಚ್ಚು ಹಾಕಿ, ಪಾಲಿಮರ್ ಲೇಪವಿರುವ ಅಲ್ಯೂಮಿನಿಯಂ ಹಾಳೆಯ ಮೇಲಿಟ್ಟು, ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒತ್ತುತ್ತಾರೆ. ಬಣ್ಣ ಕರಗದೆ ನೇರವಾಗಿ ಆವಿಯಾಗಿ ಲೇಪದೊಳಗೆ ಇಳಿಯುತ್ತದೆ. ಪೂಜೆಯ ಕರ್ಪೂರ ಆವಿಯಾಗುವ ಬಗೆಯೇ ಇದು. ನಾಲ್ಕನೆಯದು ಈ ಮೂರಕ್ಕಿಂತ ಶತಮಾನಕ್ಕೂ ಹೆಚ್ಚು ಹಳೆಯದು: ಲೋಹದ ತಟ್ಟೆಯೇ ಬೆಳಕಿಗೆ ಸ್ಪಂದಿಸಿ ಚಿತ್ರವಾಗುವ ಡಗೆರೋಟೈಪ್, ಟಿನ್‌ಟೈಪ್ ಮುಂತಾದವು.

ಗೋವಾದಲ್ಲಿ ಲೋಹ, ಮುದ್ರಣ ಎಂಬ ಎರಡು ಮಾತು ಜೊತೆಯಾದರೆ ಇನ್ನೊಂದು ತೊಡಕೂ ಇದೆ. 1556ರಲ್ಲಿ ಹಳೆ ಗೋವಾದ ಸಂತ ಪೌಲರ ಕಾಲೇಜಿಗೆ ಬಂದ ಅಚ್ಚುಕೂಟ ಏಷ್ಯಾದ ಮೊದಲ ಯುರೋಪಿಯನ್ ಅಚ್ಚುಕೂಟವೆಂದು ಹೆಸರಾದದ್ದು. ಅಲ್ಲಿ ಲೋಹವೆಂದರೆ ಅಚ್ಚುಮೊಳೆ, ಅಚ್ಚಾದದ್ದು ಕಾಗದ. ಲೋಹವೇ ಹಾಳೆಯಾದ ನಿದರ್ಶನ ಬೇಕಿದ್ದರೆ ಇನ್ನೂ ಐದು ಶತಮಾನ ಹಿಂದಕ್ಕೆ, ಗೋವೆಯ ಕದಂಬರ ತಾಮ್ರಪಟಗಳತ್ತ ಹೋಗಬೇಕು. ಕೊಟ್ಟ ದಾನದ ಮಾತು ಗೆದ್ದಲಿಗೂ ಮಳೆಗೂ ಸಿಗದಿರಲಿ ಎಂದೇ ಅದನ್ನು ತಾಳೆಗರಿಗೆ ಬಿಡದೆ ತಾಮ್ರದ ಮೇಲೆ ಕೊರೆಸುತ್ತಿದ್ದರು.

ಆರಂಭ

ಛಾಯಾಚಿತ್ರ ಹುಟ್ಟಿದ್ದೇ ಲೋಹದ ಮೇಲೆ ಎಂಬುದನ್ನು ಕಾಗದದ ಕಾಲ ಮರೆಸಿಬಿಟ್ಟಿದೆ. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ತನ್ನ ಮನೆಯ ಕಿಟಕಿಯಿಂದ ಕಂಡ ನೋಟವನ್ನು ಹಿಡಿದದ್ದು ತವರ ಬೆರೆತ ಪ್ಯೂಟರ್ ತಟ್ಟೆಯ ಮೇಲೆ, ಒಂದು ಬಗೆಯ ಡಾಂಬರು ಸವರಿ. ತಟ್ಟೆಯ ಅಳತೆ 16.2 × 20.2 ಸೆಂ.ಮೀ. ಕಾಲವನ್ನು ಕೆಲವರು 1826 ಎನ್ನುತ್ತಾರೆ, ಕೆಲವರು 1827. ಉಳಿದುಬಂದಿರುವ ಕ್ಯಾಮೆರಾ ಚಿತ್ರಗಳಲ್ಲಿ ಎಲ್ಲಕ್ಕೂ ಹಳೆಯದಾದ ಇದು ಈಗ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿದೆ. 1839ರಲ್ಲಿ ಲೂಯಿ ಡಗೆರ್ ಬೆಳ್ಳಿ ಮುಲಾಮಿನ ತಾಮ್ರದ ತಟ್ಟೆಯಲ್ಲಿ ಚಿತ್ರ ಮೂಡಿಸುವ ವಿಧಾನ ಬಹಿರಂಗವಾಯಿತು. 1840ರ ಆರಂಭಕ್ಕೇ ಕಲ್ಕತ್ತೆಯ ಥ್ಯಾಕರ್ ಕಂಪನಿ ಅದರ ಕ್ಯಾಮೆರಾಗಳಿಗೆ ಜಾಹೀರಾತು ಕೊಟ್ಟಿತ್ತು. 1850ರ ದಶಕದ ಟಿನ್‌ಟೈಪಿನಲ್ಲಿ ತವರದ ಸುಳಿವೇ ಇಲ್ಲ. ಅದು ಕಪ್ಪು ಮೆರುಗೆಣ್ಣೆ ಬಳಿದ ತೆಳು ಕಬ್ಬಿಣದ ತಗಡು.

ಇವೆಲ್ಲ ಅಂಗೈಯಲ್ಲಿ ಹಿಡಿದು ನೋಡುವ ಚಿತ್ರಗಳು. ಡಗೆರೋಟೈಪಿನ ಪೂರ್ಣ ತಟ್ಟೆ ಎಂದರೂ ಆರೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಒಂದು ತಟ್ಟೆಗೆ ಒಂದೇ ಚಿತ್ರ, ಪ್ರತಿ ತೆಗೆಯುವ ಮಾತಿಲ್ಲ. ನೆಗೆಟಿವಿನಿಂದ ಎಷ್ಟು ಬೇಕಾದರೂ ಪ್ರತಿ ಕೊಡುವ ಕಾಗದ ಬಂದಮೇಲೆ ಲೋಹ ಹಿಂದೆ ಸರಿಯಿತು. ಹಾಗಾಗಿ ಡಗೆರೋಟೈಪಿನಿಂದ ಇಂದಿನ ಮೆಟಲ್ ಪ್ರಿಂಟ್‌ವರೆಗೆ ಒಂದೇ ಗೆರೆ ಎಳೆಯುವ ಜಾಹೀರಾತುಗಳನ್ನು ನಂಬಬೇಕಿಲ್ಲ. ನಡುವೆ ನೂರು ವರ್ಷಕ್ಕೂ ಮಿಕ್ಕ ಕಡಿತವಿದೆ, ತಂತ್ರವೂ ಬೇರೆ.

ಕಾಗದದ ಕಾಲ

ಗೋವಾದಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೆ ನೋವಾ ಗೋವಾ ಎಂದು ಕರೆಸಿಕೊಳ್ಳುತ್ತಿದ್ದ ಪಣಜಿಯ ಸೌಜಾ ಅಂಡ್ ಪಾಲ್ ಸ್ಟುಡಿಯೋ ಹೆಸರು ಮಾಡಿತ್ತು. ಹಳೆ ಗೋವಾದ ಇಗರ್ಜಿಗಳನ್ನೂ ಪಣಜಿಯ ಬೀದಿಗಳನ್ನೂ ಅದು ಚಿತ್ರಿಸಿತು. ಇಂದು ಪುಸ್ತಕಗಳಲ್ಲಿ, ಹೋಟೆಲುಗಳ ಗೋಡೆಗಳಲ್ಲಿ ದೊಡ್ಡದಾಗಿ ಕಾಣುವ ಹಳೆಯ ಗೋವಾದ ನೋಟಗಳಲ್ಲಿ ಹಲವು ಅವರವೇ. ಮೂಲ ಮಾತ್ರ ಕಾಗದ, ಆಲ್ಬಮ್ಮಿನ ಅಳತೆ.

ಗೋವಾದಲ್ಲಿ ಕಾಗದದ ಶತ್ರು ಮಳೆಯಲ್ಲ, ಮಳೆ ಬಿಟ್ಟುಹೋಗುವ ಥಂಡಿ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಗಾಳಿಯ ತೇವಾಂಶ ನೂರಕ್ಕೆ 70 ದಾಟಿ ನಿಂತರೆ ಛಾಯಾಕಾಗದದ ಜೆಲಟಿನ್ ಪದರಕ್ಕೆ ಬೂಸ್ಟು ಹತ್ತುತ್ತದೆ. ಗೋವಾದಲ್ಲಿ ಮಳೆಗಾಲದುದ್ದಕ್ಕೂ ಅದು 80ರ ಮೇಲೆಯೇ. ಗಾಜಿನ ಕಟ್ಟಿನೊಳಗೆ ತೇವ ಸೇರಿದರೆ ಜೆಲಟಿನ್ ಮೆತ್ತಗಾಗಿ ಗಾಜಿಗೇ ಅಂಟುತ್ತದೆ, ಆಮೇಲೆ ಬಿಡಿಸಹೋದರೆ ಅಜ್ಜನ ಮುಖ ಗಾಜಿನ ಜೊತೆ ಎದ್ದು ಬರುತ್ತದೆ. ಕಾರವಾರ, ಕುಮಟಾ, ಮಂಗಳೂರಿನ ಮನೆಗಳಿಗೂ ಈ ಕತೆ ಹೊಸದಲ್ಲ.

ಬಯಲಲ್ಲಿ, ತೇವದಲ್ಲಿ ಉಳಿಯುವ ಚಿತ್ರ ಬೇಕೆಂದಾಗ ಗೋವಾ ಹಿಡಿದದ್ದು ಲೋಹವನ್ನಲ್ಲ, ಬೆಂಕಿಯಲ್ಲಿ ಸುಟ್ಟ ಮಣ್ಣನ್ನು. ಪಣಜಿಯ ಮೆನೆಜಿಸ್ ಬ್ರಗಾಂಜಾ ಸಂಸ್ಥೆಯ ಪ್ರವೇಶಾಂಗಣದಲ್ಲಿ ಪೋರ್ಚುಗೀಸ್ ಕಲಾವಿದ ಜಾರ್ಜ್ ಕೊಲಾಸೊ 1935ರಲ್ಲಿ ರಚಿಸಿದ ನೀಲಿ ಅಜುಲೆಜು ಹೆಂಚುಗಳಿವೆ. ಪೋರ್ಚುಗೀಸ್ ಕವಿ ಕಮೋಯಿಶ್‌ನ ಮಹಾಕಾವ್ಯದ ದೃಶ್ಯಗಳು ಅವುಗಳಲ್ಲಿವೆ. ಪಣಜಿಯ ಹಳೆಯ ಬಡಾವಣೆ ಫೊಂತಾಯ್ನ್ಯಾಶ್‌ನ ಬೀದಿಗಳ ಹೆಸರು, ಮನೆಗಳ ಹೆಸರು ಈಗಲೂ ಹೆಂಚಿನ ಮೇಲೆಯೇ. ಮಾರಿಯೋ ಮಿರಾಂಡಾರ ವ್ಯಂಗ್ಯಚಿತ್ರಗಳೂ ಹೆಂಚಾಗಿ ಮಾರಾಟವಾಗುತ್ತವೆ. ಲೋಹಫಲಕವನ್ನು ಗೋವಾದ ಹೊಸತನವೆಂದು ಬಣ್ಣಿಸುವವರು ಈ ಹೆಂಚಿನ ಸಂಪ್ರದಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾಗದ, ಗಾಜು, ಕಟ್ಟು ಮೂರೂ ಇಲ್ಲದ ಚಿತ್ರಕ್ಕೆ ಅಲ್ಲಿನ ಕಣ್ಣು ಮೊದಲೇ ಒಗ್ಗಿತ್ತು.

ತಂತ್ರ ಬಂದ ದಾರಿ

ಇಂದಿನ ಲೋಹಫಲಕಕ್ಕೆ ಬೇಕಾದ ಎರಡು ಸಾಮಗ್ರಿಗಳೂ ಛಾಯಾಚಿತ್ರದವರ ಕೊಡುಗೆಯಲ್ಲ. ಆವಿಯ ಬಣ್ಣದ ವಿಧಾನ ಬಂದದ್ದು ಜವಳಿಯಿಂದ. ಪಾಲಿಯೆಸ್ಟರ್ ಬಟ್ಟೆಗೆ ಕಾಗದದಿಂದ ಬಣ್ಣ ವರ್ಗಾಯಿಸುವುದನ್ನು 1957ರಲ್ಲಿ ಫ್ರಾನ್ಸಿನ ನೊಯೆಲ್ ದ ಪ್ಲಾಸ್ ಕಂಡುಕೊಂಡರು. ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ತಿರುಳಿಟ್ಟ ಫಲಕ 1969ರಲ್ಲಿ ಅಲುಕೋಬಾಂಡ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂದದ್ದು ಕಟ್ಟಡದ ಮೈಗೆ ಹೊದಿಸಲೆಂದು. ನಮ್ಮ ಊರುಗಳಲ್ಲಿ ಬ್ಯಾಂಕು, ಚಿನ್ನದಂಗಡಿ, ಮೊಬೈಲ್ ಅಂಗಡಿಗಳ ಮುಖಕ್ಕೆಲ್ಲ ಬಡಿದಿರುವ ಎಸಿಪಿ ಶೀಟ್ ಇದೇ. ಜರ್ಮನಿಯ ಆಂಡ್ರಿಯಾಸ್ ಗುರ್ಸ್ಕಿ, ಥಾಮಸ್ ರುಫ್ ಮುಂತಾದವರು 1980ರ ದಶಕದಿಂದ ಗೋಡೆಯಗಲದ ಛಾಯಾಚಿತ್ರಗಳನ್ನು ಗ್ಯಾಲರಿಗೆ ತಂದು, ಫೋಟೊ ಎಂದರೆ ಚಿಕ್ಕದು ಎಂಬ ರೂಢಿಯನ್ನು ಮುರಿದರು. ಅಂಥ ದೊಡ್ಡ ಚಿತ್ರ ಡೊಂಕಾಗದಂತೆ ಹಿಡಿದಿಡುವುದಕ್ಕೆ ಈ ಫಲಕ ಒದಗಿಬಂತು.

ತೂಕದ ಲೆಕ್ಕವೂ ಅನುಕೂಲಕರ. ಒಂದು ಚದರ ಮೀಟರು 3 ಮಿ.ಮೀ. ಗಾಜು ಏಳೂವರೆ ಕಿಲೋ ತೂಗಿದರೆ, ಅಷ್ಟೇ ದಪ್ಪದ ಅಲ್ಯೂಮಿನಿಯಂ ಸಂಯುಕ್ತ ಫಲಕ ಸುಮಾರು 3.8 ಕಿಲೋ, ಡೈ ಸಬ್ಲಿಮೇಷನ್‌ಗೆ ಬಳಸುವ 1.1 ಮಿ.ಮೀ. ಆಸುಪಾಸಿನ ಹಾಳೆ ಸುಮಾರು 3 ಕಿಲೋ.

ಆವಿಯ ಬಣ್ಣದಲ್ಲಿ ಬಿಳಿ ಇಲ್ಲ ಎಂಬುದು ಗೋವಾದ ಛಾಯಾಗ್ರಾಹಕರಿಗೆ ಮುಖ್ಯ ವಿಚಾರ. ಚಿತ್ರದಲ್ಲಿ ಬಿಳಿಯಾಗಿ ಕಾಣುವುದು ಹಾಳೆಯ ಲೇಪದ ಬಣ್ಣ. ಪಾರದರ್ಶಕ ಲೇಪದ ಹಾಳೆ ಆರಿಸಿಕೊಂಡರೆ ಕೆಳಗಿನ ಲೋಹ ಇಣುಕುತ್ತದೆ. ಸಂಜೆಯ ಮಾಂಡವಿ ನದಿಯ ನೀರು ಇದರಿಂದ ಚೆನ್ನಾಗಿ ಮಿಂಚೀತು. ಪಣಜಿಯ ಇಮ್ಯಾಕ್ಯುಲೇಟ್ ಕನ್ಸೆಪ್ಷನ್ ಇಗರ್ಜಿಯ ಸುಣ್ಣದ ಗೋಡೆ ಮಾತ್ರ ಪಾತ್ರೆಯ ಬಣ್ಣಕ್ಕೆ ತಿರುಗುತ್ತದೆ.

ಬಯಲಿಗೆ ಬಂದ ಚಿತ್ರ

ಗೋವಾದಲ್ಲಿ ಛಾಯಾಚಿತ್ರ ಪ್ರದರ್ಶನದ ತಿರುವನ್ನು ಹೊಸ ಮುದ್ರಣ ಯಂತ್ರ ಬಂದ ದಿನದಿಂದ ಎಣಿಸುವುದು ತಪ್ಪಾದೀತು. ಚಿತ್ರ ಗ್ಯಾಲರಿ ಬಿಟ್ಟು ಹೊರಟ ದಿನದಿಂದ ಎಣಿಸಬೇಕು. ಛಾಯಾಗ್ರಾಹಕಿ ದಯಾನಿತಾ ಸಿಂಗ್ 2000ದಲ್ಲಿ ‘ಡಿಮೆಲ್ಲೋ ವಾಡೊ’ ಎಂಬ ತಮ್ಮ ಪ್ರದರ್ಶನವನ್ನು ಇಟ್ಟದ್ದು ಮಹಾನಗರದ ಗ್ಯಾಲರಿಯಲ್ಲಲ್ಲ, ಸಾಲಿಗಾಂವ್ ಹಳ್ಳಿಯ ಸಾಲಿಗಾಂವ್ ಇನ್‌ಸ್ಟಿಟ್ಯೂಟಿನಲ್ಲಿ. ವಾಡೊ ಎಂದರೆ ಕೊಂಕಣಿಯಲ್ಲಿ ಕೇರಿ. 2004ರಿಂದ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಗೋವಾದಲ್ಲಿ ನೆಲೆಸಿತು. ಅದಕ್ಕಾಗಿ ಪಣಜಿಯ ಹಳೆಯ ವೈದ್ಯಕೀಯ ಕಾಲೇಜಿನ ಆವರಣ ನವೀಕರಣಗೊಂಡು, ಮುಂದೆ ಕಲಾಪ್ರದರ್ಶನಗಳಿಗೂ ಒದಗಿತು. 2009ರಲ್ಲಿ ಪಣಜಿಯ ಆಲ್ಟಿನ್ಹೊ ಗುಡ್ಡದ ಮೇಲೆ ಸುನಾಪರಾಂತ ಕಲಾಕೇಂದ್ರ, 2015ರಲ್ಲಿ ಪಿಳೆರ್ಣ ಕೈಗಾರಿಕಾ ವಸಾಹತಿನಲ್ಲಿ ಸುಬೋಧ್ ಕೇರ್ಕರ್ ಅವರ ಮ್ಯೂಸಿಯಂ ಆಫ್ ಗೋವಾ ಬಂದವು.

2015ರಲ್ಲೇ ಮೊದಲಾದ ಗೋವಾಫೋಟೊ ಉತ್ಸವ ದೊಡ್ಡ ಛಾಯಾಚಿತ್ರಗಳನ್ನು ಪಣಜಿಯ ಸಾರ್ವಜನಿಕ ಜಾಗಗಳಲ್ಲಿ ಬಯಲಿಗೆ ತಂದಿತು. ಟಿಕೆಟ್ಟಿಲ್ಲ, ಬಾಗಿಲಿಲ್ಲ, ಮೀನು ಕೊಂಡು ಮನೆಗೆ ಹೊರಟವರೂ ನೋಡುಗರೇ. ಇಂಥ ಕಡೆ ಗಾಜಿನ ಕಟ್ಟಿಗೆ ಎಡೆಯಿಲ್ಲ: ಬಿಸಿಲಲ್ಲಿ ಪ್ರತಿಫಲಿಸುತ್ತದೆ, ಗಾಳಿಗೆ ಬಿದ್ದರೆ ಒಡೆಯುತ್ತದೆ. ಬಯಲಿನ ಪ್ರದರ್ಶಕರ ಮುಂದೆ ಉಳಿಯುವುದು ಫ್ಲೆಕ್ಸ್, ವಿನೈಲ್, ಸನ್‌ಬೋರ್ಡ್, ಎಸಿಪಿ. ಎಂದರೆ ಬೋರ್ಡು ಬರೆಯುವವರ ಅಂಗಡಿಯ ಸಾಮಾನು.  ಲೋಲಾ ಮ್ಯಾಕ್‌ಡೂಗಲ್ ಅವರ ನೇತೃತ್ವದಲ್ಲಿ ಗೋವಾಫೋಟೊ ಮುಂದೆ ಹಾದಿ ಬದಲಿಸಿ, 2017ರಲ್ಲಿ ಸಾಲಿಗಾಂವಿನ, 2019ರಲ್ಲಿ ಅಲ್ಡೋನಾದ ಮನೆಗಳೊಳಗೆ ಹೊಕ್ಕಿತು. ಜನ ವಾಸವಾಗಿರುವ ಮನೆಗಳಲ್ಲಿ, ಮನೆಮಂದಿಯ ಕುರ್ಚಿ, ಕಪಾಟು, ದೇವರ ಪಟಗಳ ನಡುವೆ ಚಿತ್ರಗಳು ಸೇರಿಕೊಂಡವು. 2016ರ ಡಿಸೆಂಬರಿನಲ್ಲಿ ಸುನಿಲ್ ಕಾಂತ್ ಮುಂಜಾಲ್ ಆರಂಭಿಸಿದ ಸೆರೆಂಡಿಪಿಟಿ ಕಲೋತ್ಸವ ಆದಿಲ್ ಶಾಹಿ ಅರಮನೆ, ಹಳೆಯ ವೈದ್ಯಕೀಯ ಕಾಲೇಜುಗಳಂಥ ಶತಮಾನ ಕಂಡ ಕಟ್ಟಡಗಳನ್ನೇ ಪ್ರದರ್ಶನಕ್ಕೆ ಬಳಸಿತು. ಇಂಥ ಗೋಡೆಗಳಿಗೆ ಮೊಳೆ ಹೊಡೆಯುವ ಮುನ್ನ ಎರಡು ಸಲ ಯೋಚಿಸಬೇಕು, ಆದ್ದರಿಂದ ತನ್ನ ಕಾಲಮೇಲೆ ತಾನು ನಿಲ್ಲುವ ಹಗುರ ಫಲಕಕ್ಕೆ ಬೆಲೆ.

ಇದೇ ಅವಧಿಯಲ್ಲಿ ಗೋವಾದಲ್ಲಿ ತದ್ವಿರುದ್ಧ ಹಾದಿಯೊಂದೂ ಇತ್ತು. ಪಿ. ಮಾಧವನ್ ಸ್ಥಾಪಿಸಿದ ಗೋವಾ ಸೆಂಟರ್ ಫಾರ್ ಆಲ್ಟರ್ನೇಟಿವ್ ಫೋಟೋಗ್ರಫಿ ಪಿನ್‌ಹೋಲ್ ಕ್ಯಾಮೆರಾ ಮತ್ತು ಕೈಯಿಂದ ಮಾಡುವ ಹಳೆಯ ಮುದ್ರಣ ವಿಧಾನಗಳನ್ನು ಕಲಿಸಿತು. ದೊಡ್ಡದರ, ಹೊಳೆಯುವುದರ ವ್ಯಾಮೋಹಕ್ಕೆ ಇದು ಒಳ್ಳೆಯ ಎದುರುಮಾತು.

ಉಪ್ಪು, ಬಿಸಿಲು, ತಿರುಪು

ಲೋಹಕ್ಕೆ ಬೂಸ್ಟು ಹತ್ತುವುದಿಲ್ಲ, ಕಾಗದದಂತೆ ಅದು ಸುರುಳಿಯೂ ಸುತ್ತುವುದಿಲ್ಲ. ಇಷ್ಟರಿಂದ ಅದು ಕಡಲತೀರಕ್ಕೆ ಹೇಳಿಮಾಡಿಸಿದ್ದು ಎಂಬ ನಂಬಿಕೆ ಹಬ್ಬಿದೆ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂಬ ಮಾತು ಕಬ್ಬಿಣಕ್ಕೆ ಹೋಲಿಸಿದರೆ ನಿಜ. ಗಾಳಿಗೆ ತೆರೆದುಕೊಂಡೊಡನೆ ಅದರ ಮೈಮೇಲೆ ತೆಳುವಾದ ಆಕ್ಸೈಡ್ ಪದರ ಕಟ್ಟಿ ಒಳಗಿನದನ್ನು ಕಾಯುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡ್ ಆ ಪದರವನ್ನೇ ಅಲ್ಲಲ್ಲಿ ಕೊರೆದು ಬಿಳಿ ಪುಡಿ ತುಂಬಿದ ಕುಳಿಗಳನ್ನು ಮಾಡುತ್ತದೆ. ಮುಖಕ್ಕೆ ಲೇಪವಿದೆ, ಕತ್ತರಿಸಿದ ಅಂಚಿಗಿಲ್ಲ. ಆದ್ದರಿಂದ ಕೇಡು ಅಂಚಿನಿಂದಲೂ ತೂತಿನಿಂದಲೂ ಹೊಕ್ಕು ಲೇಪವನ್ನು ಎಬ್ಬಿಸುತ್ತದೆ. ಸಾದಾ ಕಬ್ಬಿಣದ ತಿರುಪು ಹಾಕಿದರೆ ಎರಡು ಲೋಹ ಮತ್ತು ಉಪ್ಪುನೀರು ಸೇರಿ ಸಣ್ಣದೊಂದು ಬ್ಯಾಟರಿಯೇ ಆಗಿ, ತಿರುಪಿನ ಸುತ್ತ ಅಲ್ಯೂಮಿನಿಯಂ ಸವೆಯುತ್ತದೆ. ಸ್ಟೇನ್‌ಲೆಸ್ ಉಕ್ಕಿನ ತಿರುಪು, ನಡುವೆ ನೈಲಾನ್ ವಾಷರು ಇದಕ್ಕೆ ಮದ್ದು. ಹಸಿ ಸಿಮೆಂಟು, ಸುಣ್ಣಗಳ ಕ್ಷಾರವೂ ಅಲ್ಯೂಮಿನಿಯಂ ತಿನ್ನುವಂಥದು. ಚಿರೆಕಲ್ಲಿನ ಥಂಡಿ ಗೋಡೆಗೆ ಫಲಕವನ್ನು ಅಂಟಿಸಿ ನಿಲ್ಲಿಸದೆ ಬೆರಳಗಲ ಸಂದು ಬಿಡುವುದು ಇದಕ್ಕೇ.

ಬಿಸಿಲಿನದು ಇನ್ನೊಂದು ಲೆಕ್ಕ. 2.4 ಮೀಟರ್ ಉದ್ದದ ಅಲ್ಯೂಮಿನಿಯಂ ಹಾಳೆ 30 ಡಿಗ್ರಿ ಬಿಸಿಯೇರಿದರೆ ಸುಮಾರು 1.7 ಮಿ.ಮೀ. ಹಿಗ್ಗುತ್ತದೆ, ತೂತು ದುಂಡಗೆ ಬಿಗಿಯಾಗಿದ್ದರೆ ಹಾಳೆ ಉಬ್ಬುತ್ತದೆ, ಉದ್ದನೆಯ ತೂತಿದ್ದರೆ ಜರುಗಿಕೊಳ್ಳುತ್ತದೆ. ಬಣ್ಣದ ಬಾಳಿಕೆಯಂತೂ ಲೋಹದ ಮೇಲಲ್ಲ, ಶಾಯಿ ಮತ್ತು ಲೇಪದ ಮೇಲೆ ನಿಂತಿದೆ. ಮನೆಯೊಳಗಿನ ಬಳಕೆಗೆಂದು ಮಾಡಿದ ಡೈ ಸಬ್ಲಿಮೇಷನ್ ಹಾಳೆಯನ್ನು ನೇರ ಬಿಸಿಲಿಗಿಟ್ಟರೆ ಬಣ್ಣ ಮಾಸುತ್ತದೆ. ಹೊರಗಿನ ಬಳಕೆಗೆ ನೇರಳಾತೀತ ಕಿರಣ ತಡೆಯುವ ಲೇಪದ ಹಾಳೆಗಳು ಪ್ರತ್ಯೇಕವಾಗಿಯೇ ಇವೆ. ಎಸಿಪಿಯ ಪಾಲಿಎಥಿಲೀನ್ ತಿರುಳು ಹೊತ್ತಿ ಉರಿಯುವಂಥದು ಎಂಬುದನ್ನು 2017ರ ಲಂಡನ್ನಿನ ಗ್ರೆನ್‌ಫೆಲ್ ಟವರ್ ದುರಂತ ಜಗತ್ತಿಗೆ ತೋರಿಸಿತು. ಜನ ಕಿಕ್ಕಿರಿಯುವ ಹಳೆಯ ಕಟ್ಟಡದಲ್ಲಿ, ಮರದ ಜಂತಿಯಡಿ, ಇಂಥ ಫಲಕಗಳ ಸಾಲು ನಿಲ್ಲಿಸುವವರು ಬೆಂಕಿ ತಡೆಯುವ ತಿರುಳಿನದನ್ನೇ ಕೇಳಿ ಪಡೆಯಬೇಕು.

ಸಂಗ್ರಹ

ಲೋಹಫಲಕವೊಂದನ್ನು ಮುಂದೆ ರಿಪೇರಿ ಮಾಡುವವರು ಅದು ಮೊದಲು ಹೇಳಿದ ನಾಲ್ಕು ಬಗೆಗಳಲ್ಲಿ ಯಾವುದೆಂದು ತಿಳಿಯದೆ ಕೈಹಾಕುವುದು ಅಪಾಯ: ಅಂಟಿಸಿದ ಕಾಗದಕ್ಕೆ ಒದ್ದೆ ಬಟ್ಟೆ ತಾಗಿಸಬಾರದು, ಆವಿಯ ಬಣ್ಣದ ಹಾಳೆಯನ್ನು ಒದ್ದೆ ಬಟ್ಟೆಯಲ್ಲೇ ಒರೆಸಬಹುದು, ಯುವಿ ಶಾಯಿ ಗೀರಿದರೆ ಪದರವಾಗಿ ಏಳುತ್ತದೆ. ಗೋವಾದಲ್ಲಾಗಲಿ ನಮ್ಮ ಕರಾವಳಿಯಲ್ಲಾಗಲಿ ಲೋಹಫಲಕದ ಚಿತ್ರ ಇಟ್ಟುಕೊಂಡವರು ಅದರ ಬೆನ್ನಿಗೆ ಮುದ್ರಣದ ವಿಧಾನ, ಹಾಳೆಯ ಬಗೆ, ಮಾಡಿಸಿದ ವರ್ಷ, ಮಾಡಿದ ಅಂಗಡಿ ಇಷ್ಟನ್ನು ಬರೆದ ಚೀಟಿಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಂಟಿಸಿಡಬೇಕು. ಮೂಲ ಡಿಜಿಟಲ್ ಕಡತವನ್ನೂ ಬೇರೆಡೆ ಕಾಪಾಡಿಕೊಂಡರೆ, ಫಲಕ ಹೋದರೂ ಚಿತ್ರ ಸಿಗುತ್ತದೆ.