ಅನ್ಯರ ಆರಾಧನೆಯನ್ನು ನ್ಯಾಯದಿಂದ ನೋಡಿದ ಅಲ್ ಬೀರೂನಿ

"ಉಸ್ತಾದ್, ನಮ್ಮದು ಸತ್ಯಧರ್ಮವೆಂದ ಮೇಲೆ ಇತರರ ನಂಬಿಕೆಗಳನ್ನು ನಾವೇಕೆ ಓದಬೇಕು?" ಎಂದು ಮದ್ರಸದ ವಿದ್ಯಾರ್ಥಿಯೊಬ್ಬ ಒಮ್ಮೆ ನನ್ನನ್ನು ಕೇಳಿದ. ಪ್ರಶ್ನೆ ಪ್ರಾಮಾಣಿಕವಾದುದು. ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಮುಸ್ಲಿಮ್ ವಿದ್ವಾಂಸರೊಬ್ಬರು ತಮ್ಮ ಬದುಕಿನಿಂದಲೇ ಅದಕ್ಕೆ ಉತ್ತರ ನೀಡಿದ್ದಾರೆ. ಅವರೇ ಅಬೂ ರೈಹಾನ್ ಅಲ್ ಬೀರೂನಿ.

ಕ್ರಿ.ಶ. 973ರಲ್ಲಿ ಮಧ್ಯ ಏಷ್ಯಾದ ಖ್ವಾರಝ್ಮ್‌ನಲ್ಲಿ ಜನಿಸಿದ ಬೀರೂನಿ ಗಣಿತ ಮತ್ತು ಖಗೋಳ ಶಾಸ್ತ್ರಗಳಲ್ಲಿ ಪಾರಂಗತರಾಗಿದ್ದರು. 1017ರಲ್ಲಿ ಸುಲ್ತಾನ್ ಮಹ್ಮೂದನು ಆ ನಾಡನ್ನು ಗೆದ್ದಾಗ ಅವರನ್ನೂ ಘಝ್ನಿಗೆ ಕರೆದೊಯ್ಯಲಾಯಿತು. ಆಗಲೇ ಅವರಿಗೆ ನಲವತ್ತು ದಾಟಿತ್ತು. ಆ ಬಳಿಕ ಅವರು ಭಾರತೀಯರ ಗ್ರಂಥಗಳನ್ನೂ ಪಂಡಿತರನ್ನೂ ಹುಡುಕಿ ಹೊರಟರು; ಸಂಸ್ಕೃತ ಕಲಿಯುವ ಕಷ್ಟಕ್ಕೆ ಕೈಹಾಕಿದರು. ಪತಂಜಲಿಯ ಯೋಗಗ್ರಂಥವನ್ನು ಅರಬಿ ಭಾಷೆಗೆ ತಂದರು. 1030ರ ಸುಮಾರಿಗೆ ಎಂಬತ್ತು ಅಧ್ಯಾಯಗಳ 'ಕಿತಾಬುಲ್ ಹಿಂದ್' ಪೂರ್ಣಗೊಂಡಿತು.

ಈ ಗ್ರಂಥ ಹುಟ್ಟಿದ್ದು ಒಂದು ಅಸಮಾಧಾನದಿಂದ. ಎದುರಾಳಿ ಪಂಥದ ಮಾತನ್ನು ತಿರುಚಿ ಬರೆಯುವ ಲೇಖಕರ ಕುರಿತು ಹಿರಿಯ ವಿದ್ವಾಂಸರೊಬ್ಬರೊಡನೆ ಅವರು ಚರ್ಚಿಸುತ್ತಿದ್ದರು. ಭಾರತೀಯರ ಧರ್ಮಗಳ ಬಗ್ಗೆ ಅಲ್ಲಿಯವರೆಗೆ ಬಂದಿದ್ದ ಬರಹಗಳೂ ಬಹುಪಾಲು ಒಬ್ಬರಿಂದ ಒಬ್ಬರು ಎತ್ತಿಕೊಂಡ ಕೇಳಿಕೆಯ ಮಾತುಗಳೇ ಆಗಿದ್ದವು. ಆದುದರಿಂದ ಬೀರೂನಿ ಒಂದು ನಿಯಮ ಹಾಕಿಕೊಂಡರು: ಇದು ಖಂಡನೆಯ ಗ್ರಂಥವಲ್ಲ, ಅವರು ಏನು ನಂಬುತ್ತಾರೋ ಅದನ್ನು ಅವರ ಗ್ರಂಥಗಳಿಂದಲೇ ಹೇಳುವುದು, ಹೋಲಿಕೆಗೆ ಗ್ರೀಕರ ವಿಚಾರಗಳನ್ನು ಪಕ್ಕದಲ್ಲಿಡುವುದು.

ಅವರು ಕಂಡುಕೊಂಡದ್ದೇನು? ಭಾರತದ ಜ್ಞಾನಿಗಳು ಆದಿ ಅಂತ್ಯಗಳಿಲ್ಲದ ಏಕದೇವನನ್ನು ಒಪ್ಪುತ್ತಾರೆ ಎಂದು ಅವರು ದಾಖಲಿಸಿದರು. ವಿಗ್ರಹಾರಾಧನೆಯನ್ನು ಅವರು ಜನಸಾಮಾನ್ಯರ ಮನಸ್ಸಿನ ಒಲವಿನಿಂದ ವಿವರಿಸಿದರು. ಅಮೂರ್ತವಾದುದನ್ನು ಗ್ರಹಿಸಲಾರದ ಮನಸ್ಸು ಕಣ್ಣಿಗೆ ಕಾಣುವುದನ್ನು ಹಿಡಿದುಕೊಳ್ಳುತ್ತದೆ. ಈ ದೌರ್ಬಲ್ಯ ಯಾವುದೇ ಒಂದು ಜನಾಂಗದ್ದಲ್ಲ, ಅಕ್ಷರವರಿಯದ ಮುಸ್ಲಿಮನಲ್ಲೂ ಇರಬಹುದು ಎಂದು ಎಚ್ಚರಿಸಿದರು.

ಹಾಗೆಂದು ಅವರು ತಮ್ಮ ವಿಶ್ವಾಸವನ್ನು ಸಡಿಲಿಸಲಿಲ್ಲ. ಜಾತಿಭೇದವನ್ನು ಕಂಡು, ದೇವಭಯವೊಂದನ್ನುಳಿದು ಬೇರಾವುದರಲ್ಲೂ ಮನುಷ್ಯರ ನಡುವೆ ಮೇಲುಕೀಳಿಲ್ಲವೆಂಬ ಇಸ್ಲಾಮಿನ ನಿಲುವನ್ನು ಸ್ಪಷ್ಟವಾಗಿ ಬರೆದರು. ಅದೇ ಲೇಖನಿಯಿಂದ ಮಹ್ಮೂದನ ದಾಳಿಗಳು ಈ ನಾಡಿನ ಸಮೃದ್ಧಿಯನ್ನು ಹಾಳುಗೆಡವಿದವೆಂದೂ, ಅದರಿಂದ ಜನರ ಮನದಲ್ಲಿ ಮುಸ್ಲಿಮರ ಬಗ್ಗೆ ಆಳವಾದ ದ್ವೇಷ ಉಳಿಯಿತೆಂದೂ, ವಿದ್ಯೆಗಳು ಕಾಶ್ಮೀರ, ಬನಾರಸ್‌ಗಳಂತಹ ದೂರದ ಎಡೆಗಳಿಗೆ ಸರಿದವೆಂದೂ ಬರೆದರು. ಘಝ್ನಿಯಲ್ಲಿ ಬದುಕುತ್ತಿದ್ದುಕೊಂಡೇ ಇದನ್ನು ಬರೆಯಲು ಎಂತಹ ಧೈರ್ಯ ಬೇಕು!

ಆ ಧೈರ್ಯದ ಮೂಲವನ್ನು ಅವರ ಮುನ್ನುಡಿಯೇ ಹೇಳುತ್ತದೆ. ನಿಮ್ಮ ವಿರುದ್ಧವೇ ಆದರೂ ಸತ್ಯಕ್ಕೆ ಸಾಕ್ಷಿಗಳಾಗಿರಿ ಎಂಬ ಪವಿತ್ರ ಕುರ್‌ಆನಿನ ಆದೇಶವನ್ನು (4:135) ಅವರು ಅಲ್ಲಿ ನೆನೆಯುತ್ತಾರೆ. ಒಂದು ಜನತೆಯ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ವಿಮುಖರಾಗಿಸದಿರಲಿ ಎಂದೂ (5:8), ಇತರರು ಪ್ರಾರ್ಥಿಸುವವುಗಳನ್ನು ನಿಂದಿಸಬೇಡಿರೆಂದೂ (6:108) ಅಲ್ಲಾಹನು ನಮಗೆ ಆಜ್ಞಾಪಿಸಿದ್ದಾನೆ.

ನಮ್ಮನ್ನು ಒಂದು ಮಾತೂ ಕೇಳದೆ ನಮ್ಮ ಧರ್ಮದ ಬಗ್ಗೆ ಬರೆಯುತ್ತಾರೆ, ಹರಡುತ್ತಾರೆ ಎಂದು ನಾವಿಂದು ನೋಯುತ್ತೇವೆ. ಆ ನೋವು ನಿಜ. ಆದರೆ ನೆರೆಮನೆಯವರ ಹಬ್ಬ, ಪೂಜೆ, ನಂಬಿಕೆಗಳ ಬಗ್ಗೆ ನಮ್ಮ ಮನೆಗಳಲ್ಲಿ ಆಡುವ ಮಾತುಗಳು ಎಲ್ಲಿಂದ ಬಂದವು? ನಾವು ಅವರನ್ನು ಕೇಳಿದ್ದೇವೆಯೇ?

ಆ ವಿದ್ಯಾರ್ಥಿಗೆ ನಾನು ಹೇಳಿದ್ದು ಇಷ್ಟೇ: ಮಗನೇ, ಇತರರ ನಂಬಿಕೆಯನ್ನು ಅರಿಯುವುದು ಅದನ್ನು ಒಪ್ಪುವುದಲ್ಲ. ಅವರ ಬಗ್ಗೆ ಸುಳ್ಳು ಸಾಕ್ಷಿ ಹೇಳದಿರಲು ಅದು ಅಗತ್ಯ. ಸುಳ್ಳು ಸಾಕ್ಷಿ ಮಹಾಪಾಪವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅದರಿಂದ ಅಲ್ಲಾಹನು ನಮ್ಮ ನಾಲಗೆಗಳನ್ನು ಕಾಪಾಡಲಿ. ಆಮೀನ್.